ನಳಿಗೆಗೆ ಕೂರುವ ಗುಂಡು

ಯಾವ ಕೋಟೆಗೆ ಹೋದರೂ, ತೋಪಿನ ಮುಂದೆ ನಿಂತಾಗ ಒಂದು ಮಾತು ಕಿವಿಗೆ ಬೀಳುತ್ತದೆ: ‘ಇದರ ಗುಂಡು ಅಗೋ, ಆ ಗುಡ್ಡದ ಆಚೆ ಹೋಗಿ ಬೀಳುತ್ತಿತ್ತಂತೆ.’ ಬಸವಕಲ್ಯಾಣದ ಕೋಟೆಯ ಬುರುಜಿನ ಮೇಲೂ ಅದೇ ಮಾತು, ಬೀದರಿನಲ್ಲೂ ಅದೇ. ಕಲಬುರಗಿಯ ಬಾರಾಗಜಿ ತೋಪಿನ ಮುಂದಂತೂ ಜನ ಹೆಜ್ಜೆ ಹಾಕಿ ಉದ್ದ ಅಳೆಯುತ್ತಾರೆ; ಇಪ್ಪತ್ತೊಂಬತ್ತು ಅಡಿ ಎಂದು ಹೆಸರಾದ ತೋಪು ಅದು. ನಮ್ಮ ಬೆರಗೆಲ್ಲ ನಳಿಗೆಯ ಉದ್ದಕ್ಕೆ, ಮದ್ದಿನ ಸದ್ದಿಗೆ. ಆ ನಳಿಗೆಯೊಳಗೆ ಇಡುತ್ತಿದ್ದ ಗುಂಡು ಎಂಥದ್ದು ಎಂದು ಕೇಳುವವರು ಕಡಿಮೆ. ದೂರ ಹೋಗುವುದು ತೋಪಲ್ಲ, ಗುಂಡು.

ಕಲ್ಯಾಣಕ್ಕೆ ಗುರಿಯ ಪ್ರಶ್ನೆ ಹೊಸದೇನಲ್ಲ. 1129ರ ಸುಮಾರಿಗೆ ಇಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಶಸ್ತ್ರವಿನೋದ ಎಂಬ ಭಾಗವೇ ಇದೆ, ಆಯುಧ ಪ್ರಯೋಗ ಅರಮನೆಯ ವಿನೋದಗಳಲ್ಲಿ ಒಂದಾಗಿತ್ತು. ಬಾಣವಾದರೆ ನೇರವಾಗಿರಬೇಕು, ಬಿಲ್ಲಿಗೆ ಒಗ್ಗಬೇಕು ಎಂಬುದು ಬಿಲ್ಲು ಹಿಡಿದ ಯಾರಿಗೂ ಗೊತ್ತು. ಮದ್ದಿನ ಕಾಲ ಬಂದಾಗ ಆ ತಿಳಿವಳಿಕೆ ಸ್ವಲ್ಪ ಮಸುಕಾಯಿತು. ಹೊಗೆಯ ಹಿಂದೆ ಗುಂಡು ಕಾಣುವುದಿಲ್ಲವಲ್ಲ!

1657ರಲ್ಲಿ ಈ ಸೀಮೆ ಎರಡು ಮುತ್ತಿಗೆಗಳನ್ನು ಕಂಡಿತು. ಆಗಿನ್ನೂ ರಾಜಕುಮಾರನಾಗಿದ್ದ ಔರಂಗಜೇಬ್ ಮಾರ್ಚ್ ತಿಂಗಳಲ್ಲಿ ಬಿಜಾಪುರದವರ ಕೈಯಲ್ಲಿದ್ದ ಬೀದರನ್ನು ಮುತ್ತಿದ. ಇಪ್ಪತ್ತೇಳು ದಿನಕ್ಕೆ ಕೋಟೆ ಬಿತ್ತು. ಬುರುಜಿನ ಹತ್ತಿರ ರಾಶಿ ಹಾಕಿದ್ದ ಮದ್ದಿಗೆ ಕಿಡಿ ತಗುಲಿ, ಕೋಟೆಯ ಮುದಿ ಸರದಾರ ಸಿದಿ ಮರ್ಜಾನ್ ತನ್ನ ಮಕ್ಕಳೊಂದಿಗೆ ಸುಟ್ಟು ಹೋದ. ಗೆದ್ದವರ ಕೈಗೆ 230 ತೋಪುಗಳು ಸಿಕ್ಕವು, ಹನ್ನೆರಡು ಲಕ್ಷ ನಗದು ಸಿಕ್ಕಿತು. ಜೊತೆಗೆ ಎಂಟು ಲಕ್ಷ ರೂಪಾಯಿ ಬೆಲೆಯ ಸೀಸ, ಮದ್ದು, ಧಾನ್ಯ, ಇತರ ಸಾಮಗ್ರಿ. ಆ ಪಟ್ಟಿಯಲ್ಲಿ ಸೀಸ ಧಾನ್ಯದ ಪಕ್ಕದಲ್ಲೇ ಇರುವುದನ್ನು ಗಮನಿಸಬೇಕು. ಕೋಟೆಯೊಳಗಿನವರಿಗೆ ಅದೂ ಒಂದು ಬಗೆಯ ದವಸವೇ.

ಅಲ್ಲಿಂದ ಸೇನೆ ಕಲ್ಯಾಣದ ಕಡೆ ತಿರುಗಿತು. ಇಂದು ಬೀದರಿನಿಂದ ಹುಮನಾಬಾದ್ ಮುಟ್ಟಿ ಬಸವಕಲ್ಯಾಣಕ್ಕೆ ಹೋಗುವವರು ಬಸ್ಸಿನ ಕಿಟಕಿಯಿಂದ ನೋಡಿದರೆ ಮಣ್ಣಿನ ಬಣ್ಣ ಬದಲಾಗುವುದು ತಿಳಿಯುತ್ತದೆ: ಬೀದರಿನ ಕೆಂಪು ಮುರಕಲ್ಲು ಮುಗಿದು ಎರೆಯ ಕಪ್ಪು, ಕರಿಗಲ್ಲು ಶುರುವಾಗುತ್ತದೆ. ಮೇ ತಿಂಗಳ ಮೊದಲಲ್ಲಿ ಆರಂಭವಾದ ಮುತ್ತಿಗೆ ಮಳೆಗಾಲದ ನಡುವಿನವರೆಗೂ ಎಳೆಯಿತು. ಮೊಗಲರು ಕಂದಕಕ್ಕೆ ಸೊಪ್ಪುಸದೆ ತುಂಬಿದರೆ, ದಿಲಾವರ್ ಹಬ್ಶಿಯ ಕಾವಲಿನವರು ಮೇಲಿಂದ ಬೆಂಕಿ ಸುರಿದು ಅದನ್ನು ಸುಟ್ಟರು. ಮತ್ತೆ ಕಲ್ಲು ಮಣ್ಣು ತುಂಬಬೇಕಾಯಿತು. ಆಗಸ್ಟ್ 1ರಂದು ಕೀಲಿಕೈ ಒಪ್ಪಿಸಿದ ದಿಲಾವರ್ ಬಿಜಾಪುರಕ್ಕೆ ಹೊರಟುಹೋದ. ನನ್ನ ಲೆಕ್ಕದಲ್ಲಿ ಕಲ್ಯಾಣವನ್ನು ಗೆದ್ದದ್ದು ತೋಪಿಗಿಂತ ಹೆಚ್ಚಾಗಿ ಹಾರೆ, ಗುದ್ದಲಿ. ಹತ್ತಿರ ಹೋಗದೆ ಕೆಲಸವಾಗಲಿಲ್ಲ. ದೂರದಿಂದ ಯಾಕೆ ಆಗಲಿಲ್ಲ ಎಂಬುದಕ್ಕೆ ಉತ್ತರ ಗುಂಡಿನಲ್ಲೇ ಇದೆ.

ಆ ಕಾಲದ ಗೋಲಂದಾಜನ ಮುಂದೆ ಮೂರು ಬಗೆಯ ಗುಂಡು: ಕಲ್ಲು, ಕಬ್ಬಿಣ, ಸೀಸ. ಕರಿಗಲ್ಲು ನೀರಿಗಿಂತ ಸುಮಾರು ಮೂರು ಪಟ್ಟು ಭಾರ, ಕಬ್ಬಿಣ ಏಳು ಪಟ್ಟಿಗೂ ಮಿಗಿಲು, ಸೀಸ ಹನ್ನೊಂದು ಪಟ್ಟಿಗೂ ಮಿಗಿಲು. ಒಂದೇ ಬಾಯಿಯ ತೋಪಿಗೆ ಹಾಕಿದರೆ ಕಲ್ಲಿನ ಗುಂಡಿಗಿಂತ ಕಬ್ಬಿಣದ್ದು ಎರಡೂವರೆ ಪಟ್ಟು, ಸೀಸದ್ದು ಹತ್ತಿರ ಹತ್ತಿರ ನಾಲ್ಕು ಪಟ್ಟು ತೂಗುತ್ತದೆ. ಮೂರಕ್ಕೂ ಮುಖದ ಅಗಲ ಒಂದೇ. ಆದ್ದರಿಂದ ಒಂದೇ ವೇಗದಲ್ಲಿ ಹೊರಟರೆ ಗಾಳಿ ಅವನ್ನು ತಡೆಯುವ ಬಲವೂ ಒಂದೇ. ಹಗುರ ಗುಂಡು ಬೇಗ ಸೋಲುತ್ತದೆ, ಭಾರದ್ದು ತಡವಾಗಿ. ಹತ್ತಿಯುಂಡೆ ಮತ್ತು ಗೋಲಿಯನ್ನು ಎಸೆದು ನೋಡಿದ ಹುಡುಗನಿಗೂ ಇದು ಗೊತ್ತು.

ಹಾಗಾದರೆ ಎಲ್ಲರೂ ಸೀಸವನ್ನೇ ಯಾಕೆ ಆರಿಸಲಿಲ್ಲ? ಮೊದಲನೆಯದಾಗಿ ಬೆಲೆ. ಕಲ್ಲು ಕಾಲ ಕೆಳಗೇ ಇದೆ, ಕಲ್ಲುಕುಟಿಗನೂ ಇದ್ದಾನೆ. ಮುರಕಲ್ಲು, ಕರಿಗಲ್ಲಿನ ಈ ನೆಲದಲ್ಲಿ ಸೀಸದ ಗಣಿ ಇಲ್ಲ; ಅದು ಹೊರಗಿನಿಂದ ಬರಬೇಕು. ಇಂಗ್ಲಿಷರೂ ಡಚ್ಚರೂ ಹಡಗಿನಲ್ಲಿ ತಂದು ಮಾರುತ್ತಿದ್ದ ಸರಕುಗಳಲ್ಲಿ ಸೀಸವೂ ಒಂದು. ಎರಡನೆಯದು ತೋಪಿನ ಜೀವ. ಬೀದರಿನ ಹಲವು ತೋಪುಗಳು ಎರಕದವಲ್ಲ. ಕಬ್ಬಿಣದ ಪಟ್ಟಿಗಳನ್ನು ಪೀಪಾಯಿಯ ಹಲಗೆಗಳಂತೆ ಜೋಡಿಸಿ, ಮೇಲೆ ಬಳೆ ಬಿಗಿದು ಬಡಿದು ಮಾಡಿದವು. ಭಾರದ ಗುಂಡನ್ನು ದೂಡಲು ಮದ್ದು ಹೆಚ್ಚು ಬೇಕು, ಒತ್ತಡ ಹೆಚ್ಚಿದರೆ ಬಳೆ ಬಿಡುತ್ತದೆ. ತೋಪು ಒಡೆದರೆ ಸಾಯುವವನು ಎದುರಾಳಿಯಲ್ಲ. ಹೀಗಾಗಿ ದೊಡ್ಡ ಬಾಯಿಗೆ ಹಗುರ ಕಲ್ಲು, ಚಿಕ್ಕ ಕೋವಿಗೆ ಸೀಸ ಎಂಬ ಹೊಂದಾಣಿಕೆ. ಅದು ಅಜ್ಞಾನವಲ್ಲ, ಕಸುಬು ತಿಳಿದವರ ಎಚ್ಚರ.

ಕೋವಿಯಲ್ಲಿ ಸೀಸವೇ ಇದ್ದರೂ ದೂರದ ಗುರಿ ತಪ್ಪುತ್ತಿತ್ತು. ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗುವುದಿಲ್ಲ. ಹೊಗೆಯಾಗಿ, ಕಿಟ್ಟವಾಗಿ ಉಳಿಯುತ್ತದೆ. ನಾಲ್ಕಾರು ಬಾರಿ ಹಾರಿಸಿದರೆ ನಳಿಗೆಯ ಒಳಗೆ ಮಸಿ ಕಟ್ಟಿ, ಸರಿಯಾಗಿ ಕೂರುವ ಗುಂಡು ಇಳಿಯುವುದೇ ಇಲ್ಲ. ಆದ್ದರಿಂದ ಗುಂಡನ್ನು ಬೇಕೆಂದೇ ಚಿಕ್ಕದಾಗಿ ಎರೆಯುತ್ತಿದ್ದರು. ಕಂಪನಿ ಸಿಪಾಯಿಗಳ ‘ಬ್ರೌನ್ ಬೆಸ್’ ಕೋವಿಯ ಬಾಯಿ ಮುಕ್ಕಾಲು ಇಂಚು, ಗುಂಡು 0.69 ಇಂಚಿನ ಆಸುಪಾಸು. ಆ ಸಂದಿನಲ್ಲಿ ಗುಂಡು ಗೋಡೆಯಿಂದ ಗೋಡೆಗೆ ಬಡಿದುಕೊಂಡು ಹೋಗಿ, ಕೊನೆಯ ಬಡಿತ ಯಾವ ಕಡೆಗೋ ಆ ಕಡೆಗೆ ಹಾರುತ್ತದೆ. ನೂರು ಗಜದಾಚೆ ಒಬ್ಬನನ್ನೇ ಗುರಿಯಿಟ್ಟು ಹೊಡೆಯುವುದು ಅದೃಷ್ಟದ ಮಾತು. ತೋಪಿನ ಕಲ್ಲಿನ ಗುಂಡಿನ ಪಾಡೂ ಇದೇ. ಉಳಿ ಸುತ್ತಿಗೆಯಿಂದ ದುಂಡಗೆ ಮಾಡಿದ್ದು ಎಷ್ಟು ದುಂಡಗಿದ್ದೀತು?

ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ 1742ರಲ್ಲಿ ಗುಂಡನ್ನು ತೂಗುಹಾಕಿದ ಲೋಲಕಕ್ಕೆ ಹೊಡೆದು ವೇಗ ಅಳೆದ. ಅದರಿಂದ ಗಾಳಿಯ ತಡೆ ಎಲ್ಲರೂ ಎಣಿಸಿದ್ದಕ್ಕಿಂತ ಬಹಳ ದೊಡ್ಡದು ಎಂದು ತೋರಿಸಿದ. ನಳಿಗೆಯೊಳಗೆ ತಿರುಚು ಗೀರು ಕೊರೆದು ಗುಂಡನ್ನು ಬುಗುರಿಯಂತೆ ತಿರುಗಿಸಿದರೆ ಗುರಿ ನಿಲ್ಲುತ್ತದೆ ಎಂದೂ ಹೇಳಿದ. ಅದಾಗಿ ನೂರು ವರ್ಷ ಕಳೆದ ಮೇಲೆ ಗುಂಡಿನ ಆಕಾರವೇ ಬದಲಾಯಿತು. ತಿರುಗುವ ಗುಂಡು ಚೆಂಡಿನಂತಿರಬೇಕಾಗಿಲ್ಲ, ಉದ್ದವಾಗಿರಬಹುದು. ಉದ್ದವಾದರೆ ಮುಖ ಅಷ್ಟೇ ಇದ್ದು ತೂಕ ಮಾತ್ರ ಹೆಚ್ಚುತ್ತದೆ.

ಕಾಲದಲ್ಲಿ ತುಸು ಮುಂದೆ ಹೋದರೆ, 1874ರಲ್ಲಿ ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್ ಮೈದಾನದಲ್ಲಿ ಐರಿಷ್ ಮತ್ತು ಅಮೆರಿಕನ್ ತಂಡಗಳು 800, 900, 1000 ಗಜಗಳಲ್ಲಿ ಕರಿಮದ್ದಿನ ರೈಫಲ್‌ಗಳಿಂದ ಪಂದ್ಯ ಹೂಡಿದವು. 934ಕ್ಕೆ 931ರಂತೆ ಅಮೆರಿಕನ್ನರು ಗೆದ್ದರು. ಐರಿಷ್ ಒಬ್ಬ ತಪ್ಪಿ ಪಕ್ಕದ ಗುರಿಗೆ ಹೊಡೆದದ್ದೇ ಅವರಿಗೆ ಮುಳುವಾಯಿತು. ಅಲ್ಲಿ ಬಳಸಿದಂಥ 0.45 ಇಂಚಿನ ಉದ್ದ ಗುಂಡು 35 ಗ್ರಾಮಿನಷ್ಟು ತೂಗುತ್ತಿತ್ತು. ಅದೇ ಅಗಲದ ದುಂಡು ಸೀಸದ ಗುಂಡು 9 ಗ್ರಾಮಿನಷ್ಟು. ಮತ್ತೆ ನಾಲ್ಕು ಪಟ್ಟು! ಕಲ್ಲಿನಿಂದ ಸೀಸಕ್ಕೆ ಹೋದಾಗ ಸಿಕ್ಕ ಲಾಭವೇ ಚೆಂಡಿನಿಂದ ಉದ್ದ ಗುಂಡಿಗೆ ಹೋದಾಗಲೂ ಸಿಕ್ಕಿತು. ಮೆದು ಸೀಸಕ್ಕೆ ಚೂರು ತವರ ಬೆರೆಸುವುದು, ಗುಂಡಿಗೆ ತೆಳುಕಾಗದ ಸುತ್ತುವುದು, ಪ್ರತಿ ಹೊಡೆತಕ್ಕೂ ಮಸಿ ಒರೆಸುವುದು, ಇವೆಲ್ಲ ಆ ಆಟದ ಮಡಿ ಮೈಲಿಗೆಗಳು.

ಬಿಗಿ, ಕಾಗದ, ಜಿಡ್ಡು: ಪಂದ್ಯದಲ್ಲಿ ಇವು ಸೂಕ್ಷ್ಮಗಳು, ನಮ್ಮಲ್ಲಿ ಇವೇ ರಕ್ತ ಹರಿಸಿದವು. ಎನ್‌ಫೀಲ್ಡ್ ರೈಫಲಿನ ನಳಿಗೆ 0.577 ಇಂಚು, ಗುಂಡು 0.568. ಸಂದು ಕೂದಲೆಳೆಯಷ್ಟು; ಅದರಿಂದಲೇ ಅದರ ಗುರಿ ನೂರಾರು ಗಜ ಮುಟ್ಟುತ್ತಿತ್ತು. ಅಷ್ಟು ಬಿಗಿಯಾದ ಗುಂಡು ಮಸಿಯ ನಳಿಗೆಯಲ್ಲಿ ಇಳಿಯಲು ಜಿಡ್ಡು ಸವರಲೇಬೇಕು. ತೋಟೆಯ ಕಾಗದವನ್ನು ಹಲ್ಲಿನಿಂದ ಹರಿಯಬೇಕು. ಆ ಜಿಡ್ಡು ದನದ್ದೋ ಹಂದಿಯದೋ ಎಂಬ ಗುಮಾನಿ 1857ರಲ್ಲಿ ಏನು ಮಾಡಿತೆಂದು ಎಲ್ಲರೂ ಓದಿದ್ದೇವೆ. ಹುಮನಾಬಾದಿನ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು ಬದುಕಿದ್ದ ಕಾಲವದು. ಹಿಂದೂ ಮುಸ್ಲಿಂ ಭಕ್ತರು ಒಂದೇ ಅಂಗಳದಲ್ಲಿ ಕೂಡುತ್ತಿದ್ದ ಆ ಜಾಗದಿಂದ ನೋಡಿದರೆ, ಇಬ್ಬರನ್ನೂ ಒಂದೇ ಸಲ ನೋಯಿಸಬಲ್ಲ ವಸ್ತು ಇನ್ನೊಂದಿರಲಿಲ್ಲ. ಅದೇ ವರ್ಷದ ಜುಲೈ 17ರಂದು ಹೈದರಾಬಾದಿನ ರೆಸಿಡೆನ್ಸಿಯ ಮೇಲೆ ದಾಳಿ ನಡೆಯಿತು. ನವೆಂಬರ್ ಕೊನೆಯಲ್ಲಿ, ಆಯುಧ ಒಪ್ಪಿಸಲು ಒಲ್ಲದ ಹಲಗಲಿಯ ಬೇಡರ ಊರು ಸುಟ್ಟಿತು. ಮರುವರ್ಷ ಫೆಬ್ರವರಿಯಲ್ಲಿ ಸುರಪುರ ಬಿತ್ತು.

ಜಿಡ್ಡಿನ ಧರ್ಮಸಂಕಟ ಒಂದು ಕಡೆಯಾದರೆ, ಆ ಗುಂಡು ಈ ದೇಶದ ಬಿಸಿಲಿಗೂ ಹೊಂದಲಿಲ್ಲ. ಕೊಬ್ಬು ಕರಗಿ ಕಾಗದಕ್ಕೆ ಇಳಿದುಹೋಗಿ, ಒಣಗುಂಡು ಮಸಿಯ ನಳಿಗೆಯಲ್ಲಿ ಅರ್ಧದಾರಿಗೇ ಕಚ್ಚಿಕೊಳ್ಳುತ್ತಿತ್ತು ಎಂದು ಬ್ರಿಟಿಷ್ ಸೈನಿಕರೇ ದೂರಿದರು. ಕೊಬ್ಬು ತಗ್ಗಿಸಿ ಜೇನುಮೇಣ ಹೆಚ್ಚಿಸಿದರು. 1859ರ ಹೊತ್ತಿಗೆ ಗುಂಡಿನ ಅಗಲವನ್ನೂ 0.568ರಿಂದ 0.55 ಇಂಚಿಗೆ ಇಳಿಸಿದರು. ಹಾರಿದಾಗ ಅದರ ಟೊಳ್ಳು ಬುಡ ಅರಳಿ ತಾನೇ ನಳಿಗೆಗೆ ಕೂರುತ್ತಿತ್ತು, ಗುರಿ ಕೆಡಲಿಲ್ಲ. ಎರಡು ಅಳತೆಗಳ ನಡುವಿನ ಅಂತರ ಅರ್ಧ ಮಿಲಿಮೀಟರಿಗೂ ಕಡಿಮೆ.