ಎಂಜಿನ್ನಿನ ಹೊಟ್ಟೆಯ ಹೊಗೆ

ಹಳೆಯ ಅಂಬಾಸಡರ್ ಕಾರೊಂದು ಗ್ಯಾರೇಜಿಗೆ ಬಂದಾಗ ಮೇಸ್ತ್ರಿ ಮೊದಲು ಮಾಡುವ ಕೆಲಸವೊಂದಿದೆ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡುತ್ತಾನೆ. ಅಲ್ಲಿಂದ ಹೊಗೆ ಪುಸುಪುಸು ಎಂದು ಎದ್ದರೆ ‘ಬ್ಯಾಕ್ ಕಂಪ್ರೆಷನ್ ಇದೆ, ಎಂಜಿನ್ ಬಿಚ್ಚಬೇಕು’ ಎಂಬ ತೀರ್ಪು ಹೊರಬೀಳುತ್ತದೆ. ರಿಂಗು, ಪಿಸ್ಟನ್ನು, ಬೋರಿಂಗು ಎಂದು ದೊಡ್ಡ ಮೊತ್ತದ ಪಟ್ಟಿ ಸಿದ್ಧವಾಗುತ್ತದೆ. ಈ ತೀರ್ಪು ಎಷ್ಟೋ ಸಲ ಸರಿಯೇ. ಎಲ್ಲ ಸಲವೂ ಅಲ್ಲ. ಆ ಹೊಗೆ ಏಕೆ ಹುಟ್ಟುತ್ತದೆ, ಅದು ಎಲ್ಲಿಂದ ಹೊರಗೆ ಹೋಗಬೇಕಿತ್ತು ಎಂದು ಕೇಳುತ್ತ ಹೋದರೆ, ಗ್ಯಾರೇಜಿನ ಈ ಪ್ರಶ್ನೆ ನಮ್ಮನ್ನು ಲಾಸ್ ಏಂಜಲೀಸ್ ನಗರದ ಆಕಾಶಕ್ಕೂ, ಅಲ್ಲಿಂದ ಅಮೆರಿಕದ ನ್ಯಾಯಾಲಯಕ್ಕೂ ಕರೆದೊಯ್ಯುತ್ತದೆ.

ಪಿಸ್ಟನ್‌ಗೆ ಎಷ್ಟೇ ಬಿಗಿಯಾದ ರಿಂಗು ತೊಡಿಸಿದರೂ ಸಿಲಿಂಡರಿನ ಒತ್ತಡ ಪೂರ್ತಿ ನಿಲ್ಲುವುದಿಲ್ಲ. ಪೆಟ್ರೋಲು-ಗಾಳಿಯ ಮಿಶ್ರಣವನ್ನು ಒತ್ತುವಾಗ, ಅದು ಹೊತ್ತಿ ಉರಿಯುವಾಗ, ಒಂದಷ್ಟು ಅನಿಲ ರಿಂಗುಗಳ ಸಂದಿನಲ್ಲಿ ನುಸುಳಿ ಕೆಳಗೆ ಇಳಿಯುತ್ತದೆ. ಕೆಳಗಿರುವುದು ಕ್ರ್ಯಾಂಕ್‌ಕೇಸ್, ಅಂದರೆ ಕ್ರ್ಯಾಂಕ್ ಶಾಫ್ಟ್ ತಿರುಗುವ, ತಳದಲ್ಲಿ ಎಣ್ಣೆ ತುಂಬಿರುವ ಪೆಟ್ಟಿಗೆ. ಹೀಗೆ ಇಳಿದು ಬರುವ ಅನಿಲಕ್ಕೆ ಇಂಗ್ಲಿಷಿನಲ್ಲಿ ಬ್ಲೋ-ಬೈ ಎಂದು ಹೆಸರು. ಹೊಸ ಎಂಜಿನ್ನಿನಲ್ಲೂ ಇದು ಇದ್ದೇ ಇರುತ್ತದೆ. ಸವೆದ ಎಂಜಿನ್ನಿನಲ್ಲಿ ಹೆಚ್ಚು, ಅಷ್ಟೆ. ಇದರಲ್ಲಿ ಬಹುಪಾಲು ಸುಟ್ಟ ಹೊಗೆಯಲ್ಲ, ಇನ್ನೂ ಸುಡದ ಪೆಟ್ರೋಲಿನ ಆವಿ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೇ ನಿಂತಿದೆ.

ಈ ಅನಿಲದ ಜೊತೆಗೆ ನೀರಿನ ಆವಿಯೂ ಬರುತ್ತದೆ. ಎಂಜಿನ್ ತಣ್ಣಗಿದ್ದರೆ ಅದು ಹನಿಗಟ್ಟಿ ಎಣ್ಣೆಯೊಡನೆ ಬೆರೆತು, ಹುಳಿಯೇರಿ, ಕಪ್ಪು ಕೆಸರಾಗುತ್ತದೆ. ಆದ್ದರಿಂದ ಕ್ರ್ಯಾಂಕ್‌ಕೇಸಿಗೆ ಉಸಿರಾಡಲು ದಾರಿ ಬೇಕು. ಹಿಂದಿನವರು ಇದಕ್ಕೆ ಕಂಡುಕೊಂಡ ಉಪಾಯ ಸರಳವಾಗಿತ್ತು. ಎಂಜಿನ್ನಿನ ಪಕ್ಕದಿಂದ ಒಂದು ಕೊಳವೆಯನ್ನು ರಸ್ತೆಯ ಕಡೆಗೆ ಇಳಿಬಿಟ್ಟು, ಅದರ ತುದಿಯನ್ನು ಓರೆಯಾಗಿ ಕತ್ತರಿಸುತ್ತಿದ್ದರು. ಕಾರು ಓಡುವಾಗ ಕೆಳಗಿನ ಗಾಳಿ ಕೊಳವೆಯ ಬಾಯಿಯ ಬಳಿ ಒತ್ತಡವನ್ನು ತಗ್ಗಿಸಿ ಒಳಗಿನ ಆವಿಯನ್ನು ಸೆಳೆದುಕೊಳ್ಳುತ್ತಿತ್ತು. ಹೊಸ ಗಾಳಿ ಆಯಿಲ್ ಮುಚ್ಚಳದ ಜಾಲರಿಯ ಮೂಲಕ ಒಳಬರುತ್ತಿತ್ತು. ಖರ್ಚಿಲ್ಲ, ಚಲಿಸುವ ಭಾಗವಿಲ್ಲ. 1955ರಲ್ಲಿ ಬಂದ ಷೆವರ್ಲೆಯ ಪ್ರಸಿದ್ಧ ವಿ-8 ಎಂಜಿನ್ನಿಗೂ ಇದೇ ವ್ಯವಸ್ಥೆಯಿತ್ತು. ಅಂಬಾಸಡರಿನಲ್ಲಿ ಬಹುಕಾಲ ಇದ್ದ 1489 ಸಿ.ಸಿ. ಎಂಜಿನ್ ಬ್ರಿಟನ್ನಿನ ಬಿ-ಸೀರೀಸ್ ಕುಟುಂಬದ್ದು. ಆ ಕುಟುಂಬದ ಹಳೆಯ ಎಂಜಿನ್ನುಗಳಲ್ಲೂ ಟ್ಯಾಪೆಟ್ ಕವರಿನಿಂದ ಒಂದು ಕೊಳವೆ ಕೆಳಗಿಳಿಯುತ್ತಿತ್ತು. ಆ ಕಾಲದ ಅಮೆರಿಕದ ಹೆದ್ದಾರಿಗಳಲ್ಲಿ ಪ್ರತಿ ಪಥದ ನಡುವೆಯೂ ಕಾಣುತ್ತಿದ್ದ ಎಣ್ಣೆಗಪ್ಪು ಪಟ್ಟೆಯಲ್ಲಿ ಇಂತಹ ಕೊಳವೆಗಳ ಪಾಲು ದೊಡ್ಡದು.

ಇದರ ದೋಷವೂ ಸರಳವೇ. ಕಾರು ನಿಂತಾಗ ಕೊಳವೆಗೆ ಸೆಳೆತವಿಲ್ಲ. ಮನೆಮನೆಗೆ ನಿಂತು ಹೋಗುವ ಸಾಮಾನಿನ ಗಾಡಿಗಳಲ್ಲಿ, ಪೇಟೆಯೊಳಗೇ ತಿರುಗುವ ಟ್ಯಾಕ್ಸಿಗಳಲ್ಲಿ ಎಣ್ಣೆ ಬೇಗ ಕೆಡುತ್ತಿತ್ತು. ಹೊಳೆ ದಾಟಬೇಕಾದ ಸೈನ್ಯದ ವಾಹನಗಳಿಗಂತೂ ತಳದಲ್ಲಿ ಬಾಯಿ ತೆರೆದ ಕೊಳವೆ ಕೆಲಸಕ್ಕೇ ಬಾರದು. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಬೇರೆ ಏರ್ಪಾಡಿತ್ತು: ಕ್ರ್ಯಾಂಕ್‌ಕೇಸಿನ ಆವಿಯನ್ನು ಒಂದು ಪುಟ್ಟ ವಾಲ್ವಿನ ಮೂಲಕ ಇಂಟೇಕ್ ಮ್ಯಾನಿಫೋಲ್ಡಿಗೆ ಸೆಳೆದು, ಎಂಜಿನ್ನಿನಲ್ಲೇ ಮತ್ತೆ ಸುಡುವುದು. ಎಂದರೆ ಪರಿಹಾರ 1940ರ ದಶಕದಲ್ಲೇ ಕೈಯಲ್ಲಿತ್ತು. ಸಾಮಾನ್ಯರ ಕಾರುಗಳಿಗೆ ಅದು ಬರಲು ಇಪ್ಪತ್ತು ವರ್ಷ ಹಿಡಿಯಿತು.

1943ರ ಜುಲೈ 26ರಂದು ಲಾಸ್ ಏಂಜಲೀಸಿನಲ್ಲಿ ದಟ್ಟವಾದ ಮಬ್ಬು ಕವಿಯಿತು. ಜನರ ಕಣ್ಣು ಉರಿಯಿತು, ಗಂಟಲು ಕೆರೆಯಿತು. ಯುದ್ಧಕಾಲ ಬೇರೆ, ಜಪಾನೀಯರು ವಿಷಾನಿಲ ಬಿಟ್ಟರೆಂದು ಕೆಲವರು ಹೆದರಿದರು. ಬಳಿಕ ಕೃತಕ ರಬ್ಬರಿಗೆ ಬೇಕಾದ ಬ್ಯುಟಾಡೈಯೀನ್ ತಯಾರಿಸುತ್ತಿದ್ದ ಕಾರ್ಖಾನೆಯೊಂದರ ಮೇಲೆ ಆರೋಪ ಬಂತು. ಅದನ್ನು ಹತೋಟಿಗೆ ತಂದರೂ ಮಬ್ಬು ಹೋಗಲಿಲ್ಲ. ಇದರ ಗುಟ್ಟನ್ನು ಬಿಡಿಸಿದವರು ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಡಚ್ ಮೂಲದ ರಸಾಯನ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್. ಅವರ ಸಂಶೋಧನೆ ಅನಾನಸ್ ಹಣ್ಣಿನ ಪರಿಮಳದ ಬಗ್ಗೆ! ಹಣ್ಣಿನ ಆವಿಯನ್ನು ಹನಿಗಟ್ಟಿಸಿ ಪರೀಕ್ಷಿಸುವ ವಿಧಾನವನ್ನೇ ಅವರು ನಗರದ ಗಾಳಿಗೂ ಅನ್ವಯಿಸಿದರು. ಸುಡದ ಪೆಟ್ರೋಲಿನ ಆವಿ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಸೇರಿದಾಗ ಓಜೋನ್ ಹುಟ್ಟುತ್ತದೆ, ಕಣ್ಣುರಿಯ ಮಬ್ಬಿನ ಮೂಲ ಇದು ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಆ ಊರಿನಲ್ಲಿ ಬಿಸಿಲಿಗೇನೂ ಕೊರತೆಯಿರಲಿಲ್ಲ, ಕಾರುಗಳಿಗೂ ಇರಲಿಲ್ಲ.

ಕಾರು ತಯಾರಕರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಲಾಸ್ ಏಂಜಲೀಸ್ ಕೌಂಟಿಯ ಚುನಾಯಿತ ಪ್ರತಿನಿಧಿ ಕೆನೆತ್ ಹಾನ್ 1953ರಿಂದ ಕಂಪನಿಗಳ ಅಧ್ಯಕ್ಷರಿಗೆ ಪತ್ರ ಬರೆಯುತ್ತಲೇ ಇದ್ದರು. ಕಾರಿನ ಹೊಗೆ ಗಾಳಿಯಲ್ಲಿ ಬೇಗ ಚದುರಿಹೋಗುತ್ತದೆ, ಅದರಿಂದ ತೊಂದರೆಯಿಲ್ಲ ಎಂಬರ್ಥದ ಉತ್ತರ ಫೋರ್ಡ್ ಕಂಪನಿಯಿಂದ ಬಂತು. ಚರ್ಚೆ ನಡೆದಷ್ಟೂ ಸೈಲೆನ್ಸರಿನ ಹೊಗೆಯ ಬಗೆಗೆ. ಎಂಜಿನ್ನಿನ ಹೊಟ್ಟೆಯಿಂದ ರಸ್ತೆಗೆ ಇಳಿಯುವ ಕೊಳವೆಯನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. 1950ರ ದಶಕದ ಕೊನೆಯಲ್ಲಿ ಅಳೆದು ನೋಡಿದಾಗ, ಕಾರೊಂದು ಹೊರಬಿಡುವ ಸುಡದ ಪೆಟ್ರೋಲು ಆವಿಯಲ್ಲಿ ಐದನೇ ಒಂದರಿಂದ ಕಾಲು ಭಾಗದವರೆಗೆ ಬರುತ್ತಿದ್ದುದು ಈ ಕೊಳವೆಯಿಂದಲೇ ಎಂದು ಗೊತ್ತಾಯಿತು.

ಹೀಗೆ ಜೀಪಿನ ವಾಲ್ವು ಮತ್ತೆ ನೆನಪಿಗೆ ಬಂತು. 1961ರ ಮಾದರಿಯಿಂದ ಕ್ಯಾಲಿಫೋರ್ನಿಯಾದ ಹೊಸ ಕಾರುಗಳಿಗೆ, 1963ರ ಮಾದರಿಯಿಂದ ಇಡೀ ಅಮೆರಿಕದ ಕಾರುಗಳಿಗೆ ಅದನ್ನು ಜೋಡಿಸಲಾಯಿತು. ಪಿ.ಸಿ.ವಿ. ವಾಲ್ವ್ ಎಂದು ಅದಕ್ಕೆ ಹೆಸರು. ಬೆಲೆ ಕೆಲವೇ ಡಾಲರ್. ಆದರೂ ನಡುವಿನ ಆ ವಿಳಂಬ ಪ್ರಶ್ನೆಗೆ ಗುರಿಯಾಯಿತು. 1969ರ ಜನವರಿಯಲ್ಲಿ ಅಮೆರಿಕದ ನ್ಯಾಯ ಇಲಾಖೆ ನಾಲ್ಕು ದೊಡ್ಡ ಕಾರು ಕಂಪನಿಗಳ ಮೇಲೂ ಅವುಗಳ ಸಂಘದ ಮೇಲೂ ಮೊಕದ್ದಮೆ ಹೂಡಿತು. ಮಾಲಿನ್ಯ ತಡೆಯುವ ಸಾಧನಗಳಲ್ಲಿ ಒಬ್ಬರಿಗಿಂತ ಒಬ್ಬರು ಮುಂದೆ ಹೋಗಬಾರದೆಂದು ಅವು ತಮ್ಮೊಳಗೇ ಒಪ್ಪಂದ ಮಾಡಿಕೊಂಡಿದ್ದವು, ಈ ವಾಲ್ವನ್ನು ದೇಶಕ್ಕೆಲ್ಲ 1962ರ ಮಾದರಿಯಲ್ಲೇ ಕೊಡಬಹುದಾಗಿದ್ದರೂ ಒಂದು ವರ್ಷ ಮುಂದೂಡಿದವು ಎಂಬುದು ಆರೋಪ. ಅದೇ ವರ್ಷ ಪ್ರಕರಣ ರಾಜಿಯಲ್ಲಿ ಮುಗಿಯಿತು. ಕಂಪನಿಗಳು ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ವಿಚಾರಣೆ ನಡೆಯದ್ದರಿಂದ ದಾಖಲೆಗಳು ಬಹಿರಂಗವಾಗಿ ಚರ್ಚೆಗೆ ಬರಲೂ ಇಲ್ಲ. ಇದು ನ್ಯಾಯವೆನಿಸುವುದು ಕಷ್ಟ.

ಆ ವಾಲ್ವಿನ ಒಳಗಿರುವುದು ಒಂದು ಬೆಣೆ, ಒಂದು ಸ್ಪ್ರಿಂಗು. ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಮ್ಯಾನಿಫೋಲ್ಡಿನ ಸೆಳೆತ ಜೋರು. ಬೆಣೆ ಎಳೆಯಲ್ಪಟ್ಟು ದಾರಿಯನ್ನು ಕಿರಿದು ಮಾಡುತ್ತದೆ. ವೇಗ ಹೆಚ್ಚಿಸಲು ಆಕ್ಸಿಲರೇಟರ್ ಒತ್ತಿದಾಗ ಸೆಳೆತ ಇಳಿಯುತ್ತದೆ. ಸ್ಪ್ರಿಂಗು ಬೆಣೆಯನ್ನು ಹಿಂದಕ್ಕೆ ತಳ್ಳಿ ದಾರಿ ಅಗಲಿಸುತ್ತದೆ. ಕಾರ್ಬ್ಯುರೇಟರಿನ ಕಡೆಗೆ ಬೆಂಕಿ ತಿರುಗಿ ಬಂದರೆ ಬೆಣೆ ಮುಚ್ಚಿಕೊಂಡು ಕ್ರ್ಯಾಂಕ್‌ಕೇಸನ್ನು ಕಾಯುತ್ತದೆ.

ಇದೆಲ್ಲ ತಿಳಿದ ಮೇಲೆ ಹಳೆಯ ಕಾರಿನ ಮುಚ್ಚಳದಿಂದ ಏಳುವ ಹೊಗೆಯನ್ನು ಬೇರೆ ರೀತಿ ಓದಬಹುದು. ಹೊಗೆಗೆ ಎರಡು ಕಾರಣಗಳಿವೆ: ಒಳಗೆ ಅನಿಲ ಹೆಚ್ಚು ಇಳಿಯುತ್ತಿರಬಹುದು, ಇಲ್ಲವೇ ಇಳಿದದ್ದಕ್ಕೆ ಹೊರಗೆ ಹೋಗಲು ದಾರಿ ಕಟ್ಟಿಕೊಂಡಿರಬಹುದು. ವರ್ಷಗಟ್ಟಲೆ ಕೆಸರು ಸೇರಿ ಕೊಳವೆ ಮುಚ್ಚಿಹೋದ ಕಾರುಗಳು ಅಪರೂಪವಲ್ಲ. ಮುಚ್ಚಳದ ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆಯದೆ ಬಿಟ್ಟದ್ದೂ ಉಂಟು. ಆಗ ಒತ್ತಡ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ: ಡಿಪ್‌ಸ್ಟಿಕ್ಕಿನ ಬಾಯಿ, ಕಾರ್ಕ್ ಗ್ಯಾಸ್ಕೆಟ್ಟು, ಹಿಂಭಾಗದ ಬೇರಿಂಗು. ಬಿ-ಸೀರೀಸ್ ಎಂಜಿನ್ನಿನ ಹಿಂಭಾಗದಲ್ಲಿ ಆಗ ರಬ್ಬರ್ ಸೀಲ್ ಇರಲಿಲ್ಲ. ಶಾಫ್ಟಿನ ಮೇಲೆ ಕೊರೆದ ತಿರುಪಿನ ಗೆರೆ ಎಣ್ಣೆಯನ್ನು ಒಳಕ್ಕೆ ತಳ್ಳುತ್ತಿತ್ತು. ಒಳಗಿನ ಒತ್ತಡ ಏರಿತೆಂದರೆ ಆ ಗೆರೆ ಸೋಲುತ್ತದೆ, ಕ್ಲಚ್ಚಿನ ಕೆಳಗೆ ಎಣ್ಣೆ ಸೋರುತ್ತದೆ. ಮಾಲೀಕ ಸೀಲ್ ಇಲ್ಲದ ಕಡೆ ಸೀಲ್ ಬದಲಿಸಲು ಹುಡುಕುತ್ತಾನೆ.

ಆದ್ದರಿಂದ ಎಂಜಿನ್ ಬಿಚ್ಚುವ ಮೊದಲು ಕೊಳವೆಯನ್ನು ಕಳಚಿ ಒಂದು ತಂತಿ ಹಾಯಿಸಿ ನೋಡುವುದು ಅಗ್ಗ. ವಾಲ್ವು ಇರುವ ಎಂಜಿನ್ನಾದರೆ ಅದನ್ನು ಕೈಯಲ್ಲಿ ಹಿಡಿದು ಅಲುಗಿಸಬೇಕು. ಒಳಗಿನ ಬೆಣೆ ಕಟಕಟ ಎನ್ನದಿದ್ದರೆ ಅಂಟಿಕೊಂಡಿದೆ. ಏರ್ ಕ್ಲೀನರಿನೊಳಗೆ ಎಣ್ಣೆ ಕಂಡರೂ ಮೊದಲ ಅನುಮಾನ ಅದರ ಮೇಲೆಯೇ. ದಾರಿಯೆಲ್ಲ ಸರಿಯಿದ್ದೂ ಹೊಗೆ ನಿಲ್ಲದಿದ್ದರೆ ಎಂಜಿನ್ನನ್ನು ಬಿಸಿ ಮಾಡಿ ಪ್ಲಗ್ಗುಗಳನ್ನು ತೆಗೆದು ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಯಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಅಂಕಿ ಏರಿದರೆ ಎಣ್ಣೆ ರಿಂಗಿನ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿದೆ ಎಂದರ್ಥ. ಸವೆದಿರುವುದು ರಿಂಗು ಅಥವಾ ಬೋರು, ಮೇಸ್ತ್ರಿಯ ಪಟ್ಟಿ ನ್ಯಾಯವಾದದ್ದು. ಏರದಿದ್ದರೆ ಮೊದಲು ವಾಲ್ವ್ ಸೀಟುಗಳನ್ನೂ ಹೆಡ್ ಗ್ಯಾಸ್ಕೆಟ್ಟನ್ನೂ ನೋಡಬೇಕು, ಬೋರಿಂಗಿನ ಮಾತು ಆಮೇಲೆ.