ಮಂತ್ರ ಬೇಡವೆಂದ ಹುಡುಗಿ

ಸಂಜೆಯ ಹೊತ್ತು. ಸೇಬಿನ ತೋಟದ ನಡುವೆ ಪುಟ್ಟ ಹುಡುಗಿಯೊಬ್ಬಳು ಓಡಾಡುತ್ತಿದ್ದಾಳೆ. ಮನೆಯ ಬಾಗಿಲಲ್ಲಿ ನಿಂತ ತಾಯಿ ಅವಳ ಮೇಲಿಂದ ಕಣ್ಣು ಕೀಳುತ್ತಿಲ್ಲ. ಹೇಗೂ ಕೈಬಿಟ್ಟು ಹೋಗಲಿರುವ ಮಗುವಿನ ಮೇಲೆ ಇಷ್ಟೊಂದು ಜೀವ ಇಟ್ಟುಕೊಂಡರೆ ಏನು ಬಂತು ಎಂದು ತಂದೆ ಗದರುತ್ತಾನೆ. ಸ್ವಲ್ಪ ದಿನದಲ್ಲೇ ದೂರದ ಮರುಭೂಮಿಯ ಪೂಜಾಸ್ಥಳದವರು ಬಂದು ಅವಳನ್ನು ಕರೆದೊಯ್ಯುತ್ತಾರೆ. ಮಗು ಮಾಡಿದ ತಪ್ಪೇನೂ ಇಲ್ಲ. ಹಿಂದಿನ ಮಹಾಪೂಜಾರಿಣಿ ಸತ್ತ ರಾತ್ರಿಯೇ ಅವಳು ಹುಟ್ಟಿದಳು, ಅಷ್ಟೆ.

ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ ‘ದ ಟೂಂಬ್ಸ್ ಆಫ್ ಅಟುವಾನ್’ ಕಾದಂಬರಿ ಆರಂಭವಾಗುವುದು ಹೀಗೆ. 1971ರಲ್ಲಿ ಹದಿಹರೆಯದ ಓದುಗರಿಗೆಂದು ಪ್ರಕಟವಾದ ಈ ಪುಸ್ತಕದ ನಾಯಕಿ ಟೆನಾರ್. ತನಗೆ ಬೇಡವಾದ ಮಾಂತ್ರಿಕ ಶಕ್ತಿ ತಲೆಗೆ ಸುತ್ತಿಕೊಂಡು ಒದ್ದಾಡುವ ಹುಡುಗಿಯರ ಕಥೆಗಳಿಗೆ ಇಂದು ಇಂಗ್ಲಿಷ್ ಪುಸ್ತಕದಂಗಡಿಗಳಲ್ಲಿ ಬರವಿಲ್ಲ. ಆ ಹುಡುಗಿಯರು ಮೊದಲ ನೂರು ಪುಟ ಒಲ್ಲೆ ಒಲ್ಲೆ ಎನ್ನುತ್ತಾರೆ, ಕಡೆಗೆ ಒಪ್ಪಿಕೊಂಡು ಲೋಕವನ್ನು ಉಳಿಸುತ್ತಾರೆ. ಟೆನಾರ್ ಮಾತ್ರ ಒಪ್ಪಿಕೊಳ್ಳಲಿಲ್ಲ. ಎರಡು ಬಾರಿ ಅವಳ ಮುಂದೆ ಅಧಿಕಾರ ಬಂದು ನಿಂತಿತು, ಎರಡು ಬಾರಿಯೂ ಬೇಡವೆಂದಳು. ಎರಡನೆಯ ಸಲ ಏಕೆ ಬೇಡವೆಂದಳು ಎಂಬುದು ಅವಳನ್ನು ಸೃಷ್ಟಿಸಿದವರಿಗೇ ತಿಳಿಯಲು ಹದಿನೇಳು ಹದಿನೆಂಟು ವರ್ಷ ಹಿಡಿಯಿತು. ಕಥೆಯೊಳಗಿನ ಕಥೆಗಿಂತ ಈ ಹೊರಗಿನ ಕಥೆಯೇ ಒಂದು ಕೈ ಮಿಗಿಲು.

1967ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿದ್ದ ಪಾರ್ನಾಸಸ್ ಪ್ರೆಸ್ ಎಂಬ ಸಣ್ಣ ಪ್ರಕಾಶನ ಸಂಸ್ಥೆ ಸ್ವಲ್ಪ ದೊಡ್ಡ ಮಕ್ಕಳಿಗಾಗಿ ಒಂದು ಪುಸ್ತಕ ಬರೆದುಕೊಡಿ ಎಂದು ಲೆ ಗ್ವಿನ್ ಅವರನ್ನು ಕೇಳಿತು. ಆಗ ಅವರು ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಮೂರು ಮಕ್ಕಳ ತಾಯಿ; ಮಕ್ಕಳು ಮಲಗಿದ ಮೇಲೆ ಬರೆಯಲು ಕೂರುತ್ತಿದ್ದ ಗೃಹಿಣಿ. ಟಾಲ್ಕೀನ್ ಅವರ ‘ಲಾರ್ಡ್ ಆಫ್ ದ ರಿಂಗ್ಸ್’ (1954-55) ಆ ಹೊತ್ತಿಗೆ ಅಮೆರಿಕದ ಕಾಲೇಜು ಹುಡುಗರ ಕೈಯಲ್ಲಿ ಓಡಾಡುತ್ತಿತ್ತು. ಅದರಲ್ಲಿ ಮಾಂತ್ರಿಕರೆಂದರೆ ಬಿಳಿಗಡ್ಡದ ಮುದುಕರು. ಈ ಮುದುಕರು ಚಿಕ್ಕಂದಿನಲ್ಲಿ ಹೇಗಿದ್ದರು, ಎಲ್ಲಿ ಕಲಿತರು ಎಂಬ ಪ್ರಶ್ನೆಯಿಂದ ಹುಟ್ಟಿದ್ದು 1968ರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’. ನೂರಾರು ದ್ವೀಪಗಳ ಲೋಕ, ರೋಕ್ ದ್ವೀಪದಲ್ಲೊಂದು ಮಂತ್ರವಿದ್ಯೆಯ ಶಾಲೆ, ಅಲ್ಲಿಗೆ ಬರುವ ಗೆಡ್ ಎಂಬ ಹಳ್ಳಿ ಹುಡುಗ. ಹ್ಯಾರಿ ಪಾಟರನ ಶಾಲೆ ತೆರೆಯಲು ಇನ್ನೂ 29 ವರ್ಷ ಇತ್ತೆಂಬುದನ್ನು ಇಲ್ಲಿ ನೆನೆಯಬಹುದು.

ಆ ಲೋಕದ ಮಂತ್ರವೆಲ್ಲ ನಿಂತಿರುವುದು ಹೆಸರಿನ ಮೇಲೆ. ಪ್ರತಿಯೊಂದಕ್ಕೂ ಒಂದು ನಿಜನಾಮವಿದೆ; ಅದನ್ನು ಬಲ್ಲವನಿಗೆ ಅದರ ಮೇಲೆ ಹಿಡಿತ ಸಿಗುತ್ತದೆ. ಆದ್ದರಿಂದ ಜನ ತಮ್ಮ ನಿಜನಾಮವನ್ನು ತೀರ ನಂಬಿಕಸ್ಥರಿಗಲ್ಲದೆ ಹೇಳುವುದಿಲ್ಲ. ಲೆ ಗ್ವಿನ್ ಬೆಳೆದ ಮನೆಯನ್ನು ಬಲ್ಲವರಿಗೆ ಇದು ಬರಿಯ ಕಲ್ಪನೆ ಎನಿಸದು. ತಂದೆ ಆಲ್‌ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞ. 1911ರಲ್ಲಿ ಕ್ಯಾಲಿಫೋರ್ನಿಯದ ಕಾಡಿನಿಂದ ಒಬ್ಬಂಟಿಯಾಗಿ ಹೊರಬಂದ ಯಾಹಿ ಬುಡಕಟ್ಟಿನ ಕೊನೆಯ ಮನುಷ್ಯ ಅವರ ವಸ್ತುಸಂಗ್ರಹಾಲಯದಲ್ಲೇ ಬದುಕು ಕಳೆದು 1916ರಲ್ಲಿ ತೀರಿಕೊಂಡ. ಅವನು ತನ್ನ ಹೆಸರನ್ನು ಯಾರಿಗೂ ಹೇಳಲಿಲ್ಲ. ಕರೆಯಲೇನಾದರೂ ಬೇಕಲ್ಲ ಎಂದು ಕ್ರೋಬರ್ ಇಟ್ಟ ಹೆಸರು ‘ಇಶಿ’. ಅವನ ಭಾಷೆಯಲ್ಲಿ ಹಾಗೆಂದರೆ ಮನುಷ್ಯ. ಮಗಳು ಹುಟ್ಟಿದ್ದು 1929ರಲ್ಲಿ, ಅವನು ತೀರಿಕೊಂಡು ಹದಿಮೂರು ವರ್ಷದ ಮೇಲೆ. ಆದರೆ 1961ರಲ್ಲಿ ಇಶಿಯ ಜೀವನಚರಿತ್ರೆ ಬರೆದು ಪ್ರಸಿದ್ಧರಾದವರು ಅವರ ತಾಯಿ ಥಿಯೊಡೋರಾ. ಹೆಸರು ಕಳೆದುಕೊಳ್ಳುವುದೆಂದರೆ ಏನೆಂಬ ಮಾತು ಆ ಮನೆಯ ಗಾಳಿಯಲ್ಲೇ ಇತ್ತು.

ಟೆನಾರಳಿಂದ ಮೊದಲು ಕಿತ್ತುಕೊಳ್ಳುವುದು ಹೆಸರನ್ನೇ. ಐದನೆಯ ವಯಸ್ಸಿಗೆ ತಾಯಿಯ ಮಡಿಲು ತಪ್ಪಿದ ಅವಳನ್ನು ಮುಂದಿನ ವರ್ಷ ಕತ್ತಲೆಯ ದೇವತೆಗಳಿಗೆ ಒಪ್ಪಿಸಿ ‘ಅರ್ಹಾ’ ಎಂದು ಕರೆಯುತ್ತಾರೆ. ಕನ್ನಡದ ಕಿವಿಗೆ ಇದು ದೊಡ್ಡ ಗೌರವದ ಹೆಸರಿನಂತೆಯೇ ಕೇಳಿಸುತ್ತದೆ. ಅವರ ಭಾಷೆಯಲ್ಲಿ ಅದರ ಅರ್ಥ, ತಿನ್ನಲ್ಪಟ್ಟವಳು. ಕಠ್ಮಂಡುವಿನ ಕುಮಾರಿಯ ಪದ್ಧತಿಯನ್ನು ಕೇಳಿ ಬಲ್ಲವರಿಗೆ ಹೋಲಿಕೆ ತಟ್ಟನೆ ಹೊಳೆಯುತ್ತದೆ. ಅಲ್ಲಿಯೂ ಪುಟ್ಟ ಹುಡುಗಿಯನ್ನು ಆರಿಸಿ ದೇವಿಯೆಂದು ಪೂಜಿಸುತ್ತಾರೆ. ಆದರೆ ಮೈನೆರೆದ ಕುಮಾರಿ ಮನೆಗೆ ಮರಳುತ್ತಾಳೆ. ಅರ್ಹಾಳಿಗೆ ಆ ಬಿಡುಗಡೆ ಇಲ್ಲ. ಅವಳು ಸತ್ತರೂ ಮತ್ತೆ ಅರ್ಹಾ ಆಗಿಯೇ ಹುಟ್ಟಬೇಕು.

ಮರುಭೂಮಿಯ ನಡುವಿನ ಗೋರಿಗಳ ಸ್ಥಳ. ಗಂಡಸರಿಗೆ ಪ್ರವೇಶವಿಲ್ಲ. ಪೂಜಾರಿಣಿಯರು, ಎಳೆಯ ಹುಡುಗಿಯರು, ಬೀಜ ಒಡೆಸಿಕೊಂಡ ಸೇವಕರು, ಅಷ್ಟೇ ಜನ. ನೆಲದಡಿಯಲ್ಲಿ ಚಕ್ರವ್ಯೂಹದಂಥ ಸುರಂಗಗಳು. ಗೋರಿಗಳ ಕೆಳಗಿನ ಗುಹೆಯಲ್ಲಿ ದೀಪ ಹಚ್ಚುವುದೇ ಮಹಾಪಾಪ. ತಿರುವುಗಳನ್ನು ಬಾಯಿಪಾಠ ಮಾಡಿ, ಗೋಡೆಯನ್ನು ಬೆರಳಿಂದ ಸವರುತ್ತ ನಡೆಯಬೇಕು. ಓರೆಗಾನ್‌ನ ಆಗ್ನೇಯ ಭಾಗದ ಬೆಂಗಾಡಿಗೆ ಹೋಗಿಬಂದ ಕೆಲವೇ ದಿನಗಳ ಪ್ರವಾಸದಿಂದ ಈ ಸ್ಥಳ ಮೂಡಿತೆಂದು ಲೇಖಕಿಯೇ ಹೇಳಿದ್ದಾರೆ. ಒಣಗಾಳಿ, ಸಣ್ಣ ಪೊದೆಗಳು, ದೂರದ ಬೆಟ್ಟದ ಗೆರೆ ಅಲ್ಲಿಂದಲೇ ಬಂದವು.

ಈ ಕತ್ತಲೆಗೆ ಅವಳೇ ಒಡತಿ. ಹುಡುಗಿಗೆ ಹದಿನೈದು ವರ್ಷವಾಗುವ ಹೊತ್ತಿಗೆ ಮೂವರು ರಾಜದ್ರೋಹಿಗಳನ್ನು ಅಲ್ಲಿಗೆ ಕಳುಹಿಸಲಾಗುತ್ತದೆ. ಹೇಗೆ ಸಾಯಬೇಕೆಂದು ನಿರ್ಧರಿಸುವ ಹಕ್ಕು ಅರ್ಹಾಳದು. ಅನ್ನ ನೀರು ಕೊಡದೆ ಕತ್ತಲೆಯಲ್ಲಿ ಬಿಟ್ಟುಬಿಡಿ ಎನ್ನುತ್ತಾಳೆ. ಆಮೇಲೆ ಕಾಯಿಲೆ ಬೀಳುತ್ತಾಳೆ. ಆ ಜನರಿಗೆ ಊಟ ಒಯ್ಯುತ್ತಿರುವಂತೆ ಕನಸು ಕಾಣುತ್ತಾಳೆ. ಮಕ್ಕಳ ಪುಸ್ತಕವೆಂದ ಮಾತ್ರಕ್ಕೆ ಲೆ ಗ್ವಿನ್ ಇದನ್ನು ಮೆತ್ತಗೆ ಮಾಡಿಲ್ಲ. ಕೈಯಲ್ಲಿ ಅಧಿಕಾರವಿದ್ದೂ ಸೆರೆಯಾಳಾಗಿರುವುದೆಂದರೆ ಹೇಗೆಂದು ಹದಿಮೂರರ ಓದುಗರಿಗೂ ತಿಳಿಯುವ ಹಾಗೆ ಬರೆದಿದ್ದಾರೆ.

ಹೀಗಿರುವಾಗ ಒಂದು ದಿನ ದೀಪವೇ ಇರಬಾರದ ಕಡೆ ಅವಳಿಗೆ ಬೆಳಕು ಕಾಣಿಸುತ್ತದೆ. ಮುರಿದ ಉಂಗುರದ ಅರ್ಧವನ್ನು ಹುಡುಕಿಕೊಂಡು ಗೆಡ್ ಸುರಂಗದೊಳಗೆ ಬಂದಿದ್ದಾನೆ. ಅವಳು ಬಾಗಿಲು ಮುಚ್ಚಿ ಅವನನ್ನು ಸಿಕ್ಕಿಸುತ್ತಾಳೆ. ಆದರೆ ಈ ಸಲ ಕೊಲ್ಲಲಾರಳು. ಗುಟ್ಟಾಗಿ ನೀರು ಕೊಡುತ್ತಾಳೆ, ಊಟ ಕೊಡುತ್ತಾಳೆ. ಅವನು ಅವಳಿಗೆ ಕೊಡುವುದು ಅವಳ ಹೆಸರನ್ನು. ಟೆನಾರ್ ಎಂದು ಕರೆಯುತ್ತಾನೆ. ಇಬ್ಬರೂ ತಪ್ಪಿಸಿಕೊಳ್ಳುತ್ತಾರೆ, ಹಿಂದೆ ಗೋರಿಗಳು ನೆಲಕ್ಕೆ ಕುಸಿಯುತ್ತವೆ. ಬೇರೆ ಯಾರಾದರೂ ಬರೆದಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಹಾಗಾಗುವುದಿಲ್ಲ. ಹೊರಬಂದ ಹುಡುಗಿ ಕುಣಿದಾಡುವುದಿಲ್ಲ. ಕತ್ತಲೆಗೆ ಧಾರೆಯೆರೆದ ವರ್ಷಗಳನ್ನು, ತನ್ನ ಮಾತಿನಿಂದ ಸತ್ತವರನ್ನು ನೆನೆದು ಅಳುತ್ತಾಳೆ. ಒಂದು ಗಳಿಗೆ ಗೆಡ್‌ನನ್ನೇ ಇರಿಯಲು ಚಾಕು ಹಿಡಿಯುತ್ತಾಳೆ. ಸ್ವಾತಂತ್ರ್ಯ ಅವಳಿಗೆ ಹೂವಿನ ಹಾರವಲ್ಲ, ಹೆಗಲ ಮೇಲಿನ ಮೂಟೆ. ಇಡೀ ಪುಸ್ತಕದಲ್ಲಿ ಇದಕ್ಕಿಂತ ನಿಜವಾದ ಪುಟಗಳಿಲ್ಲ.

ಪುಸ್ತಕಕ್ಕೆ 1972ರಲ್ಲಿ ನ್ಯೂಬೆರಿ ಗೌರವ ದೊರೆಯಿತು. ಅದೇ ವರ್ಷ ಬಂದ ಮೂರನೆಯ ಪುಸ್ತಕ ‘ದ ಫಾರ್ದೆಸ್ಟ್ ಶೋರ್’ ಮರುವರ್ಷ ನ್ಯಾಷನಲ್ ಬುಕ್ ಪ್ರಶಸ್ತಿಯನ್ನೂ ತಂದಿತು. ಅದರಲ್ಲಿ ಗೆಡ್ ಮಾಂತ್ರಿಕರ ಮುಖ್ಯಸ್ಥ, ಜೊತೆಗೊಬ್ಬ ರಾಜಕುಮಾರ. ಟೆನಾರಳಿಗೆ ಅಲ್ಲಿ ಪ್ರವೇಶವೇ ಇಲ್ಲ.

ಇಲ್ಲಿ ಒಂದು ವಿಚಾರವನ್ನು ಗಮನಿಸಬೇಕು. ಅರ್ಥ್‌ಸೀ ಜನರ ಮೈಬಣ್ಣ ಕಂದು, ಕಪ್ಪು. ದಾಳಿಕೋರ ಕಾರ್ಗರು ಬಿಳಿಯರು. ಟೆನಾರ್ ಹುಟ್ಟಿದ್ದು ಈ ಬಿಳಿಯರಲ್ಲಿ. 1968ರಲ್ಲಿ ನಾಯಕನನ್ನು ಕಂದುಬಣ್ಣದವನಾಗಿ ಮಾಡುವ ಧೈರ್ಯ ತೋರಿದ ಲೇಖಕಿ ಹೆಣ್ಣಿನ ವಿಷಯದಲ್ಲಿ ಹಳೆಯ ದಾರಿಯನ್ನೇ ಹಿಡಿದಿದ್ದರು. ರೋಕ್ ಶಾಲೆಗೆ ಹುಡುಗಿಯರನ್ನು ಸೇರಿಸುವುದಿಲ್ಲ. ಹೆಂಗಸರ ಮಂತ್ರಕ್ಕೆ ಬಲವಿಲ್ಲ, ಅದರಲ್ಲಿ ಕೆಡುಕೇ ಹೆಚ್ಚು ಎಂಬ ಭಾವದ ಗಾದೆಗಳು ಆ ಲೋಕದಲ್ಲಿ ಚಾಲ್ತಿಯಲ್ಲಿವೆ. ಮೊದಲ ಪುಸ್ತಕದಲ್ಲಿ ಅವುಗಳನ್ನು ಪ್ರಶ್ನಿಸುವವರು ಯಾರೂ ಇಲ್ಲ.

ನಾಲ್ಕನೆಯ ಪುಸ್ತಕ ಟೆನಾರಳದೇ ಎಂದು ಲೆ ಗ್ವಿನ್ ಅವರಿಗೆ ಆಗಲೇ ಗೊತ್ತಿತ್ತು. ಮೂರನೆಯದು ಮುಗಿದೊಡನೆ ಬರೆಯಲು ಕುಳಿತರು. ಅವಳು ಗಾಂಟ್ ದ್ವೀಪದಲ್ಲಿ ಗೆಡ್‌ನ ಗುರು ಓಗಿಯನ್ ಬಳಿ ಬೆಳೆದಿದ್ದಾಳೆ. ಗುರು ವಿದ್ಯೆ ಕಲಿಸಲು ಸಿದ್ಧನಿದ್ದಾನೆ. ಅವಳು ಅದನ್ನು ಬಿಟ್ಟು ಒಬ್ಬ ರೈತನನ್ನು ಮದುವೆಯಾಗಿದ್ದಾಳೆ. ಏಕೆ? ಉತ್ತರ ಸಿಗದೆ ಬರವಣಿಗೆ ಅಲ್ಲಿಗೇ ನಿಂತಿತು.

ಮುಂದಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಅಮೆರಿಕದಲ್ಲಿ ಮಹಿಳಾ ಚಳವಳಿ ಬೀದಿಯಿಂದ ವಿಶ್ವವಿದ್ಯಾಲಯಗಳಿಗೆ, ಅಲ್ಲಿಂದ ಸಾಹಿತ್ಯ ವಿಮರ್ಶೆಗೆ ಹಬ್ಬಿತು. ಪೆಟ್ಟು ಲೆ ಗ್ವಿನ್ ಅವರಿಗೂ ಬಿತ್ತು. ಗಂಡು ಹೆಣ್ಣೆಂಬ ಭೇದವೇ ಇಲ್ಲದ ಜನರ ಕುರಿತ ಅವರ ‘ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ (1969) ಕಾದಂಬರಿಯಲ್ಲಿ ಎಲ್ಲರನ್ನೂ ‘ಅವನು’ ಎಂದೇ ಕರೆದಿದ್ದು ಏಕೆ ಎಂದು ಓದುಗಿತಿಯರು ಕೇಳಿದರು. 1976ರ ಪ್ರಬಂಧದಲ್ಲಿ ಅವರು ಅದನ್ನು ಸಮರ್ಥಿಸಿಕೊಂಡರು. ಹತ್ತು ವರ್ಷ ಕಳೆದ ಮೇಲೆ ಅದೇ ಪ್ರಬಂಧವನ್ನು ಮತ್ತೆ ಕೈಗೆತ್ತಿಕೊಂಡು, ಹಳೆಯ ಮಾತನ್ನು ಅಳಿಸದೆ, ಪಕ್ಕದಲ್ಲೇ ತನ್ನ ತಪ್ಪೊಪ್ಪಿಗೆ ಸೇರಿಸಿ ಅಚ್ಚು ಹಾಕಿಸಿದರು. ಹೀಗೆ ಮಾಡುವ ಲೇಖಕರು ಯಾವ ಭಾಷೆಯಲ್ಲೂ ವಿರಳ.

1990ರಲ್ಲಿ ‘ತೆಹಾನು’ ಬಂತು. ಟೆನಾರ್ ಈಗ ನಡುವಯಸ್ಸಿನ ವಿಧವೆ. ಎರಡು ಮಕ್ಕಳು ದೊಡ್ಡವರಾಗಿದ್ದಾರೆ. ಆಡು, ಹೊಲ, ಅಡುಗೆ, ನೂಲುವುದು. ತಂದೆಯೂ ಅವನ ಜೊತೆಗಾರರೂ ಹಿಂಸಿಸಿ ಬೆಂಕಿಗೆ ತಳ್ಳಿದ ಒಂದು ಹೆಣ್ಣುಮಗುವನ್ನು ಎತ್ತಿಕೊಂಡು ಸಾಕುತ್ತಾಳೆ. ಮಗುವಿನ ಅರ್ಧ ಮುಖ ಸುಟ್ಟಿದೆ, ಒಂದು ಕೈ ಮುರುಟಿದೆ. ಅತ್ತ ಗೆಡ್ ಮಂತ್ರಶಕ್ತಿಯನ್ನೆಲ್ಲ ಕಳೆದುಕೊಂಡು ಅವಳಿದ್ದಲ್ಲಿಗೆ ಬರುತ್ತಾನೆ. ಶಕ್ತಿ ಹೋದ ಮೇಲೆ ತಾನು ಯಾರೆಂಬುದೇ ಅವನಿಗೆ ತಿಳಿಯದು. ನಾಚಿಕೆಯಿಂದ ಬೆಟ್ಟಕ್ಕೆ ಹೋಗಿ ಆಡು ಕಾಯುತ್ತಾನೆ. ಟೆನಾರಳಿಗೆ ಆ ಗೊಂದಲ ಇಲ್ಲ. ಓಗಿಯನ್ ಕೊಡಬಹುದಾಗಿದ್ದು ಗಂಡಸರು ತಮಗಾಗಿ ಹೊಲಿಸಿಕೊಂಡ ಅಂಗಿ, ಅದು ತನ್ನ ಮೈಗೆ ಒಗ್ಗುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತು. ಒಮ್ಮೆ ದೇವತೆಗಳ ಹೆಸರಿನಲ್ಲಿ ಅಧಿಕಾರ ನಡೆಸಿ ಅದರ ರುಚಿ ಕಂಡವಳು. ಮತ್ತೆ ಅಂಥದೊಂದು ಬೇಡವೆಂದಳು.

ಇಷ್ಟಕ್ಕೆ ಬಿಟ್ಟಿದ್ದರೆ ಹೆಣ್ಣಿಗೆ ಒಲೆಯೇ ಸಾಕು ಎಂಬ ಹಳೆಯ ಬೋಧೆ ಆಗುತ್ತಿತ್ತು. ಆದರೆ ಲೇಖಕಿ ಬೇಡವೆಂದುದರ ಬೆಲೆಯನ್ನೂ ತೋರಿಸುತ್ತಾರೆ. ರಾತ್ರಿ ಮನೆಯ ಹೊರಗೆ ಗಂಡಸರ ಹೆಜ್ಜೆ ಸದ್ದಾದರೆ ಅವಳು ಹೆದರಬೇಕು. ದ್ವೇಷ ತುಂಬಿದ ಮಾಂತ್ರಿಕನೊಬ್ಬ ಶಾಪ ಹಾಕಿ ಅವಳನ್ನು ನಾಯಿಯಂತೆ ನೆಲದ ಮೇಲೆ ತೆವಳಿಸುತ್ತಾನೆ. ಇತ್ತ ರೋಕ್‌ನ ಗುರುಗಳಿಗೆ ಗಾಂಟ್‌ನ ಒಬ್ಬ ಹೆಂಗಸನ್ನು ಹುಡುಕಬೇಕೆಂಬ ಸೂಚನೆ ಸಿಕ್ಕಿದೆ. ಅದರ ಅರ್ಥ ಮಾತ್ರ ಹೊಳೆಯದು, ಏಕೆಂದರೆ ಹೆಂಗಸು ತಮ್ಮ ಲೆಕ್ಕದೊಳಗೆ ಬರುವುದೆಂದು ಅವರು ಯೋಚಿಸಿಯೇ ಇಲ್ಲ. ಕಡೆಗೆ ಕಾಪಾಡುವುದು ಸುಟ್ಟ ಮುಖದ ಮಗು. ಅದು ಕರೆದರೆ ಡ್ರ್ಯಾಗನ್ ಬರುತ್ತದೆ.

ಗಾಯಗೊಂಡ ಹೆಣ್ಣಿನೊಳಗೆ ಅದ್ಭುತವಿರುವ ಕಥೆ ಕನ್ನಡಿಗರಿಗೆ ಹೊಸದಲ್ಲ. ಹೂಮರವಾಗುವ ಹುಡುಗಿಯ ಕಥೆಯನ್ನು ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದರು, ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂದು ಚಿತ್ರ ಮಾಡಿದರು. ಅವಳು ಮರವಾಗುವುದು ತಾಯಿಯ ಕಷ್ಟ ನೋಡಲಾರದೆ. ಮದುವೆಯಾದ ಮೇಲೆ ಮರವಾಗುವುದು ಇತರರ ಹಟಕ್ಕೆ. ಕೊಂಬೆ ಮುರಿಯುವುದು ಆಗಲೇ.

‘ತೆಹಾನು’ಗೆ ನೆಬ್ಯುಲಾ ಪ್ರಶಸ್ತಿ ಬಂತು, ಜೊತೆಗೆ ಬೈಗುಳವೂ ಬಂತು. ಗೆಡ್‌ನನ್ನು ಆಡು ಕಾಯಲು ಹಚ್ಚಿದ್ದು ದ್ರೋಹವೆಂದು ಕೆಲವರಿಗೆ ಅನಿಸಿತು. ಕಥೆಯ ಮೇಲೆ ವಾದವನ್ನು ಹೇರಿದ್ದಾರೆ ಎಂದು ಇನ್ನು ಕೆಲವರು ಆಕ್ಷೇಪಿಸಿದರು. ಈ ಎರಡನೆಯ ದೂರಿನಲ್ಲಿ ಅಷ್ಟಿಷ್ಟು ಹುರುಳಿದೆ. ಪುಸ್ತಕದ ಕೆಟ್ಟ ಗಂಡಸರು ತೀರ ಕೆಟ್ಟವರು. 1992ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ ಲೆ ಗ್ವಿನ್ ಉತ್ತರ ಕೊಟ್ಟರು: ವೀರಗಾಥೆಯ ಸಂಪ್ರದಾಯವೇ ಗಂಡಸರದು, ಮೊದಲ ಮೂರು ಪುಸ್ತಕಗಳನ್ನು ತಾನೂ ಆ ಸಂಪ್ರದಾಯದ ಒಳಗೆ ನಿಂತು, ಗಂಡಸಿನಂತೆಯೇ ಬರೆದೆ ಎಂಬುದು ಅದರ ಸಾರಾಂಶ. ಬರೆದದ್ದನ್ನು ಅವರು ತಿದ್ದಲಿಲ್ಲ. ಅದೇ ಲೋಕವನ್ನು ಇನ್ನೊಂದು ಬಾಗಿಲಿನಿಂದ ಹೊಕ್ಕು ನೋಡಿದರು.

‘ತೆಹಾನು’ವಿನ ರಕ್ಷಾಪುಟದಲ್ಲಿ ಇದು ಅರ್ಥ್‌ಸೀಯ ಕೊನೆಯ ಪುಸ್ತಕ ಎಂದಿತ್ತು. 2001ರಲ್ಲಿ ಇನ್ನೆರಡು ಬಂದವು. ಅವುಗಳಲ್ಲಿ ಒಂದಾದ ‘ಟೇಲ್ಸ್ ಫ್ರಮ್ ಅರ್ಥ್‌ಸೀ’ ಇತಿಹಾಸದ ವಿದ್ಯಾರ್ಥಿಗಳಿಗೆ ಹೆಚ್ಚು ರುಚಿಸೀತು. ಆ ಲೋಕದ ಹಳೆಯ ದಾಖಲೆಗಳನ್ನು ತೆರೆದು ನೋಡುವ ರೀತಿಯಲ್ಲಿ ಲೇಖಕಿ ಇಲ್ಲಿ ಹಿಂದಕ್ಕೆ ಹೋಗುತ್ತಾರೆ. ಆಗ ತಿಳಿದುಬರುವುದೇನು? ಹುಡುಗಿಯರನ್ನು ಒಳಗೆ ಬಿಡದ ರೋಕ್ ಶಾಲೆಯನ್ನು ಕಟ್ಟಿದವರಲ್ಲಿ ಹೆಂಗಸರೇ ಮುಂದಿದ್ದರು. ಆಮೇಲೆ ಬಂದವರು ಅವರನ್ನು ಹೊರಗಿಟ್ಟರು, ಹೊರಗಿಟ್ಟದ್ದನ್ನೂ ಮರೆತರು.

ತೆರೆಯ ಮೇಲೆ ಈ ಲೋಕಕ್ಕೆ ಅದೃಷ್ಟ ಕೂಡಿಬರಲಿಲ್ಲ. 2004ರ ಅಮೆರಿಕನ್ ದೂರದರ್ಶನ ಧಾರಾವಾಹಿ ಕಂದುಬಣ್ಣದ ಗೆಡ್‌ನನ್ನು ಬಿಳಿಯನನ್ನಾಗಿ ಮಾಡಿತು; ಲೆ ಗ್ವಿನ್ ಅದನ್ನು ಬಹಿರಂಗವಾಗಿಯೇ ಟೀಕಿಸಿದರು. 2006ರಲ್ಲಿ ಜಪಾನಿನ ಗೊರೊ ಮಿಯಾಜಾಕಿ ಮಾಡಿದ ಚಿತ್ರವೂ ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ.

ಲೆ ಗ್ವಿನ್ 2018ರ ಜನವರಿ 22ರಂದು ಪೋರ್ಟ್‌ಲ್ಯಾಂಡ್‌ನ ಮನೆಯಲ್ಲಿ ತೀರಿಕೊಂಡರು. ಅದೇ ವರ್ಷ ‘ಪ್ಯಾರಿಸ್ ರಿವ್ಯೂ’ ಪತ್ರಿಕೆಯಲ್ಲಿ ಅವರ ಕೊನೆಯ ಅರ್ಥ್‌ಸೀ ಕಥೆ ಪ್ರಕಟವಾಯಿತು. ಹೆಸರು ‘ಫೈರ್‌ಲೈಟ್’. ಮುದುಕನಾದ ಗೆಡ್ ಗಾಂಟ್‌ನ ಮನೆಯಲ್ಲಿ ಮಲಗಿ ಹಳೆಯ ಸಮುದ್ರಯಾನಗಳನ್ನು ನೆನೆಯುತ್ತಿದ್ದಾನೆ. ಮಂತ್ರ ಯಾವುದೂ ಅವನಲ್ಲಿ ಉಳಿದಿಲ್ಲ. ಒಲೆಯ ಬೆಳಕಿನಲ್ಲಿ ಅವನ ಆರೈಕೆಗೆ ಇರುವವಳು ಟೆನಾರ್.