ಕಥೆಯೊಳಗಿನ ಮನುಷ್ಯ: ಪ್ರಾಚೀನ ಗ್ರೀಕ್ ಚಿಂತನೆಯಲ್ಲಿ ಮಾನವ ಸ್ವಭಾವದ ಚರ್ಚೆ

ಮಾನವ ಸ್ವಭಾವವನ್ನು ಕುರಿತ ಗ್ರೀಕ್ ಚಿಂತನೆಯ ಚರಿತ್ರೆಯನ್ನು ಪುರಾಣದಿಂದ ತರ್ಕದೆಡೆಗೆ ನಡೆದ ಪಯಣವೆಂದು ನಿರೂಪಿಸುವ ವಾಡಿಕೆಯಿದೆ. ಈ ನಿರೂಪಣೆ ಪೂರ್ತಿ ಸುಳ್ಳಲ್ಲದಿದ್ದರೂ ಇದರಲ್ಲಿ ಒಂದು ಮುಖ್ಯ ಸಂಗತಿ ಮರೆಯಾಗುತ್ತದೆ. ಕ್ರಿ.ಪೂ. 5 ಮತ್ತು 4ನೆಯ ಶತಮಾನಗಳಲ್ಲಿ ಈ ಚರ್ಚೆ ತೀವ್ರಗೊಂಡ ಘಟ್ಟಗಳಲ್ಲಿ ಚಿಂತಕರು ಪರಂಪರೆಯಿಂದ ಬಂದ ಕಥೆಗಳನ್ನೇ ಮತ್ತೆ ಮತ್ತೆ ಕೈಗೆತ್ತಿಕೊಂಡರು. ಕಥೆಯಲ್ಲಿ ಏನನ್ನು ಉಳಿಸಿದರು, ಏನನ್ನು ಕೈಬಿಟ್ಟರು, ಏನನ್ನು ಸೇರಿಸಿದರು ಎಂಬಲ್ಲಿಯೇ ಅವರ ವಾದ ಅಡಗಿದೆ. ಪಾಠಾಂತರಗಳ ಹೋಲಿಕೆ ಜಾನಪದ ಅಧ್ಯಯನಕ್ಕೆ ಹೊಸದೇನಲ್ಲ. ದರ್ಶನಗ್ರಂಥಗಳಿಗೆ ಆ ವಿಧಾನವನ್ನು ಅನ್ವಯಿಸಿದಾಗ ಕೆಲವು ಸಂಗತಿಗಳು ಹೆಚ್ಚು ಸ್ಪಷ್ಟವಾಗುತ್ತವೆ.

ಪ್ರೊಮಿಥಿಯಸ್‌ನ ಕಥೆಯ ಹಳೆಯ ಲಿಖಿತ ರೂಪಗಳು ಕ್ರಿ.ಪೂ. 700ರ ಸುಮಾರಿನ ಕವಿ ಹೆಸಿಯಡ್‌ನಲ್ಲಿ ದೊರೆಯುತ್ತವೆ. ಅಲ್ಲಿ ಬೆಂಕಿಯ ಕಳವಿಗೆ ಪ್ರತಿಯಾಗಿ ಜ್ಯೂಸ್ ದೇವನು ಪಂಡೋರಾ ಎಂಬ ಹೆಣ್ಣನ್ನು ಕಳುಹಿಸುತ್ತಾನೆ. ಅಣ್ಣನ ಎಚ್ಚರಿಕೆಯನ್ನು ಮರೆತ ಎಪಿಮಿಥಿಯಸ್ ಅವಳನ್ನು ಸ್ವೀಕರಿಸುತ್ತಾನೆ. ಲೋಕಕ್ಕೆ ಕೇಡು ಹಬ್ಬುತ್ತದೆ. ಮೀನು, ಮೃಗ, ಹಕ್ಕಿಗಳು ಒಂದನ್ನೊಂದು ತಿಂದು ಬದುಕುವಾಗ ಮನುಷ್ಯರಿಗೆ ಮಾತ್ರ ಜ್ಯೂಸ್ ‘ಡಿಕೆ’ಯನ್ನು, ಅಂದರೆ ನ್ಯಾಯವನ್ನು ಕೊಟ್ಟನೆಂಬ ಮಾತೂ ಅದೇ ಕಾವ್ಯದಲ್ಲಿದೆ. ಆದರೆ ಕವಿಯ ಒಟ್ಟು ನೋಟ ಆಶಾದಾಯಕವಲ್ಲ. ಕಬ್ಬಿಣ ಯುಗದ ಕೊನೆಯಲ್ಲಿ ‘ಐಡೋಸ್’ ಎಂಬ ದೇವತೆ ನೆಮಿಸಿಸ್‌ಳೊಡನೆ ಭೂಮಿಯನ್ನು ತೊರೆದು ದೇವಲೋಕಕ್ಕೆ ಹೊರಟುಹೋಗುವಳೆಂದು ಆತ ಮುನ್ನುಡಿಯುತ್ತಾನೆ. ‘ಐಡೋಸ್’ ಎಂಬುದನ್ನು ಒಂದೇ ಪದದಲ್ಲಿ ಕನ್ನಡಕ್ಕೆ ತರುವುದು ಕಷ್ಟ. ನಾಚಿಕೆ, ಸಂಕೋಚ, ಪರರ ಬಗೆಗಿನ ಗೌರವ ಎಲ್ಲವೂ ಅದರಲ್ಲಿವೆ. ಎಲ್ಲೆ ಎಂಬ ಹಳೆಯ ಅರ್ಥವನ್ನೂ ಉಳಿಸಿಕೊಂಡಿರುವ ‘ಮರ್ಯಾದೆ’ ಬಹುಶಃ ಅದಕ್ಕೆ ಹತ್ತಿರದ ಪದ.

ಇದೇ ಕಥೆ ಪ್ಲೇಟೊನ ‘ಪ್ರೊಟಾಗೊರಸ್’ ಸಂವಾದದಲ್ಲಿ ಬೇರೆಯೇ ಆಕಾರ ತಳೆಯುತ್ತದೆ. ಅಬ್ಡೇರಾ ಪಟ್ಟಣದ ಪ್ರೊಟಾಗೊರಸ್ ಅಥೆನ್ಸಿನ ಧನಿಕ ಕ್ಯಾಲಿಯಸ್‌ನ ಮನೆಯಲ್ಲಿ ತಂಗಿದ್ದಾನೆ. ನಾಗರಿಕ ಗುಣವನ್ನು ಕಲಿಸಲು ಸಾಧ್ಯವೇ ಎಂಬುದು ಸಾಕ್ರಟೀಸನ ಪ್ರಶ್ನೆ. ಹಡಗು ಕಟ್ಟುವ ವಿಷಯ ಬಂದರೆ ಅಥೆನ್ಸಿನ ಜನಸಭೆ ಹಡಗು ಕಟ್ಟುವವರ ಮಾತನ್ನಷ್ಟೇ ಕೇಳುತ್ತದೆ. ರಾಜ್ಯಾಡಳಿತದ ವಿಷಯಕ್ಕಾದರೆ ಕಮ್ಮಾರ, ಚಮ್ಮಾರ, ವರ್ತಕ, ಬಡವ, ಬಲ್ಲಿದ ಯಾರು ಬೇಕಾದರೂ ಎದ್ದು ಮಾತನಾಡಬಹುದು. ಇದು ಹೇಗೆ? ಉತ್ತರವನ್ನು ಕಥೆಯಾಗಿ ಹೇಳಲೋ ವಾದವಾಗಿ ಮಂಡಿಸಲೋ ಎಂದು ಪ್ರೊಟಾಗೊರಸ್ ಸಭಿಕರನ್ನು ಕೇಳಿ, ಕಥೆಯೇ ಹೆಚ್ಚು ಹಿತವೆಂದು ಆರಂಭಿಸುತ್ತಾನೆ.

ಪ್ರಾಣಿಗಳಿಗೆ ಶಕ್ತಿಗಳನ್ನು ಹಂಚುವ ಕೆಲಸ ಎಪಿಮಿಥಿಯಸ್‌ನದು. ಕೆಲವಕ್ಕೆ ಬಲ, ಕೆಲವಕ್ಕೆ ವೇಗ, ಸಣ್ಣವಕ್ಕೆ ರೆಕ್ಕೆ ಅಥವಾ ಬಿಲ, ಚಳಿಗೆ ತುಪ್ಪಳ, ಕಾಲಿಗೆ ಗೊರಸು, ಬೇಟೆಯಾಗುವ ಜೀವಿಗಳಿಗೆ ಸಂತಾನ ಸಮೃದ್ಧಿ—ಹೀಗೆ ಹಂಚುತ್ತ ಹೋದಾಗ ಮನುಷ್ಯನ ಸರದಿಗೆ ಏನೂ ಉಳಿಯುವುದಿಲ್ಲ. ಬೆತ್ತಲೆ, ಬರಿಗಾಲು, ಹಾಸಿಗೆಯಿಲ್ಲ, ಆಯುಧವಿಲ್ಲ. ಪ್ರೊಮಿಥಿಯಸ್ ಹಿಫೀಸ್ಟಸ್ ಮತ್ತು ಅಥೀನಾರ ಕುಶಲವಿದ್ಯೆಯನ್ನೂ ಬೆಂಕಿಯನ್ನೂ ಕದ್ದು ತರುತ್ತಾನೆ. ಮನುಷ್ಯರು ಮಾತು, ಮನೆ, ಉಡುಪು, ಆಹಾರಗಳನ್ನು ಸಾಧಿಸಿಕೊಂಡರೂ ಒಟ್ಟಾಗಿ ಬಾಳಲಾರರು. ಪಟ್ಟಣ ಕಟ್ಟಿದರೆ ಪರಸ್ಪರ ಅನ್ಯಾಯವೆಸಗಿ ಚದುರುತ್ತಾರೆ. ಕುಲವೇ ಅಳಿದೀತೆಂದು ಅಂಜಿದ ಜ್ಯೂಸ್, ಐಡೋಸ್ ಮತ್ತು ಡಿಕೆಗಳನ್ನು ಹರ್ಮಿಸ್‌ನ ಕೈಯಲ್ಲಿ ಕಳುಹಿಸುತ್ತಾನೆ. ಒಬ್ಬ ವೈದ್ಯ ಹಲವರಿಗೆ ಸಾಕಾಗುವಂತೆ ಇವನ್ನೂ ಕೆಲವರಿಗೆ ಹಂಚಬೇಕೆ, ಎಲ್ಲರಿಗೂ ಹಂಚಬೇಕೆ ಎಂದು ಹರ್ಮಿಸ್ ಕೇಳುತ್ತಾನೆ. ಎಲ್ಲರಿಗೂ ಎಂಬುದೇ ಜ್ಯೂಸ್‌ನ ಉತ್ತರ.

ಎರಡು ಪಾಠಗಳನ್ನು ಜೊತೆಗಿಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಪಂಡೋರಾ ಸಂಪೂರ್ಣವಾಗಿ ಮಾಯವಾಗಿದ್ದಾಳೆ. ಮನುಷ್ಯನ ದುಃಸ್ಥಿತಿಗೆ ಶಾಪ ಕಾರಣವಲ್ಲ, ಹಂಚಿಕೆಯಲ್ಲಾದ ಮರೆವು ಕಾರಣ. ಹೆಸಿಯಡ್‌ನಲ್ಲಿ ಭೂಮಿಯನ್ನು ಬಿಟ್ಟು ಹೋಗಲಿದ್ದ ಐಡೋಸ್ ಇಲ್ಲಿ ಭೂಮಿಗೆ ಇಳಿದು ಬರುತ್ತದೆ. ಹರ್ಮಿಸ್‌ನ ಪ್ರಶ್ನೆಯಂತೂ ಅಥೆನ್ಸಿನ ಜನಸಭೆಯ ಪ್ರಶ್ನೆಯೇ ಆಗಿದೆ. ಕಮ್ಮಾರನಿಗೂ ಚಮ್ಮಾರನಿಗೂ ಮಾತನಾಡುವ ಹಕ್ಕು ಎಲ್ಲಿಂದ ಬಂತೆಂಬುದಕ್ಕೆ ಇದಕ್ಕಿಂತ ನೇರವಾದ ಸಮರ್ಥನೆ ಉಳಿದುಬಂದ ಗ್ರೀಕ್ ಬರಹಗಳಲ್ಲಿ ವಿರಳ. ಆದರೂ ಈ ವರ ಹುಟ್ಟಿನಿಂದ ಬಂದುದಲ್ಲ, ಕೊನೆಗೆ ಬಂದುದು. ಆದ್ದರಿಂದಲೇ ಕಥೆ ಮುಗಿದ ಮೇಲೆ ಪ್ರೊಟಾಗೊರಸ್ ದಾದಿ, ತಾಯಿ, ತಂದೆ, ಗುರು, ಕಾನೂನುಗಳು ಮಗುವನ್ನು ತಿದ್ದುವ ಬಗೆಯನ್ನು ದೀರ್ಘವಾಗಿ ವಿವರಿಸುತ್ತಾನೆ. ಇನ್ನೊಂದು ಕಠೋರ ಮಾತೂ ಇದೆ: ಈ ಎರಡರಲ್ಲಿ ಪಾಲು ಪಡೆಯಲಾರದವನನ್ನು ಪಟ್ಟಣದ ರೋಗವೆಂದು ಬಗೆದು ಕೊಲ್ಲಬೇಕೆಂಬುದು ಜ್ಯೂಸ್‌ನ ಶಾಸನ. ‘ಎಲ್ಲರಿಗೂ’ ಎಂದ ಬಾಯಲ್ಲೇ ಬಂದ ಈ ಮಾತನ್ನು ಕಥೆ ಬಗೆಹರಿಸುವುದಿಲ್ಲ. ಕಥೆ ಪ್ರೊಟಾಗೊರಸ್‌ನದೇ ಅಥವಾ ಪ್ಲೇಟೊನ ಸೃಷ್ಟಿಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದಿಸ್ಥಿತಿಯನ್ನು ಕುರಿತ ಒಂದು ಕೃತಿ ಪ್ರೊಟಾಗೊರಸ್‌ನ ಹೆಸರಿನಲ್ಲಿ ಇತ್ತೆಂದು ಡಯೊಜೆನಿಸ್ ಲೇರ್ಶಿಯಸ್ ದಾಖಲಿಸಿದ್ದಾನೆ.

ಇದಕ್ಕೆ ಎದುರಾಗಿ ನಿಲ್ಲುವುದು ಪ್ಲೇಟೊನ ‘ರಿಪಬ್ಲಿಕ್’ ಕೃತಿಯ 2ನೆಯ ಪುಸ್ತಕದಲ್ಲಿ ಗ್ಲಾಕನ್ ಹೇಳುವ ಉಂಗುರದ ಕಥೆ. ಲಿಡಿಯಾದ ಗೈಜೀಸ್‌ನ ಪೂರ್ವಜನಾದ ಕುರುಬನೊಬ್ಬನು ಭೂಕಂಪದಿಂದ ಬಿರಿದ ನೆಲದೊಳಗೆ ಇಳಿದು, ಟೊಳ್ಳಾದ ಕಂಚಿನ ಕುದುರೆಯೊಳಗಿದ್ದ ದೈತ್ಯ ಶವದಿಂದ ಚಿನ್ನದ ಉಂಗುರವನ್ನು ತೆಗೆದುಕೊಳ್ಳುತ್ತಾನೆ. ಅದನ್ನು ಒಳಮುಖವಾಗಿ ತಿರುಗಿಸಿದರೆ ಅವನು ಅದೃಶ್ಯನಾಗುತ್ತಾನೆ. ಮುಂದೆ ರಾಣಿಯನ್ನು ವಶಪಡಿಸಿಕೊಂಡು, ರಾಜನನ್ನು ಕೊಂದು, ರಾಜ್ಯವನ್ನೇ ಪಡೆಯುತ್ತಾನೆ. ಗೈಜೀಸ್ ಕ್ರಿ.ಪೂ. 7ನೆಯ ಶತಮಾನದ ಐತಿಹಾಸಿಕ ದೊರೆ. ಅಶುರ್‌ಬನಿಪಾಲನ ಅಸ್ಸೀರಿಯನ್ ಶಾಸನಗಳಲ್ಲಿ ಅವನ ಹೆಸರಿದೆ. ಹೆರೊಡೋಟಸ್ ಹೇಳುವ ಗೈಜೀಸ್‌ನ ಕಥೆಯಲ್ಲಿ ಉಂಗುರವೇ ಇಲ್ಲ. ಅಲ್ಲಿ ರಾಜ ಕಾಂಡೌಲಿಸ್ ತನ್ನ ರಾಣಿಯ ಬೆತ್ತಲೆ ರೂಪವನ್ನು ಕದ್ದು ನೋಡುವಂತೆ ಗೈಜೀಸ್‌ನನ್ನು ಒತ್ತಾಯಿಸುತ್ತಾನೆ. ಉಡುಪಿನೊಂದಿಗೆ ಹೆಣ್ಣಿನ ಐಡೋಸ್ ಕೂಡ ಕಳಚುವುದೆಂದು ಗೈಜೀಸ್ ಹಿಂಜರಿಯುತ್ತಾನೆ. ಹೊರಗೆ ನುಸುಳುವಾಗ ರಾಣಿಯ ಕಣ್ಣಿಗೆ ಬೀಳುತ್ತಾನೆ. ಒಂದು ಪಾಠದಲ್ಲಿ ಎಲ್ಲವೂ ನಡೆಯುವುದು ಅವನು ಕಂಡದ್ದರಿಂದ, ಇನ್ನೊಂದರಲ್ಲಿ ಕಾಣದ್ದರಿಂದ. ಅದೃಶ್ಯಗೊಳಿಸುವ ವಸ್ತು ಲೋಕದ ಜನಪದ ಕಥೆಗಳಲ್ಲಿ ವ್ಯಾಪಕವಾದ ಆಶಯ. ಇಲ್ಲಿ ಅದು ಐಡೋಸ್‌ನ ಪರೀಕ್ಷೆಗೆ ಒದಗಿಬಂದಿದೆ: ನೋಡುವ ಕಣ್ಣುಗಳೇ ಇಲ್ಲವಾದರೆ ಮರ್ಯಾದೆಗೆ ಏನು ಉಳಿದೀತು? ಏನೂ ಉಳಿಯದು, ಇಂತಹ ಎರಡು ಉಂಗುರಗಳಿದ್ದರೆ ನ್ಯಾಯವಂತನೂ ಅನ್ಯಾಯವಂತನೂ ಒಂದೇ ದಾರಿ ಹಿಡಿದಾರು ಎಂಬುದು ಗ್ಲಾಕನ್ ಮುಂದಿಡುವ ವಾದ. ಅದು ಅವನ ಸ್ವಂತ ನಂಬಿಕೆಯಲ್ಲ. ಸಾಕ್ರಟೀಸನಿಂದ ಉತ್ತರ ಹೊರಡಿಸಲು ಹೂಡಿದ್ದು. ಕೃತಿಯ ಉಳಿದ ಭಾಗವೆಲ್ಲ ಒಂದರ್ಥದಲ್ಲಿ ಆ ಉತ್ತರವೇ. ವಿಚಿತ್ರವೆಂದರೆ ತಾಯಂದಿರೂ ದಾದಿಯರೂ ಮಕ್ಕಳಿಗೆ ಹೇಳುವ ಕಥೆಗಳಿಗೆ ಕಾವಲು ಬೇಕೆನ್ನುವ ಮಾತು ಬರುವುದೂ ಇದೇ 2ನೆಯ ಪುಸ್ತಕದಲ್ಲಿ.

ಗ್ಲಾಕನ್‌ನ ಊಹೆಗೆ ಚರಿತ್ರೆಯಲ್ಲಿ ಆಧಾರವಿರಲಿಲ್ಲವೆನ್ನುವಂತಿಲ್ಲ. ಕ್ರಿ.ಪೂ. 427ರ ಕೊರ್ಸೈರಾದ ಅಂತಃಕಲಹವನ್ನು ವರ್ಣಿಸಿದ ಥ್ಯುಸಿಡೈಡೀಸ್, ಮಾನವ ಸ್ವಭಾವ ಹೀಗೆಯೇ ಇರುವವರೆಗೆ ಇಂತಹವು ಮರುಕಳಿಸುತ್ತವೆಂದು ಬರೆದಿದ್ದಾನೆ.

ಬೆತ್ತಲೆ ಮನುಷ್ಯನ ಚಿತ್ರವನ್ನು ಅರಿಸ್ಟಾಟಲ್ ಒಪ್ಪಲಿಲ್ಲ. ಪ್ರಾಣಿಗಳ ಅಂಗಗಳನ್ನು ಕುರಿತ ಗ್ರಂಥದಲ್ಲಿ ಆತ, ಮನುಷ್ಯ ಬರಿಗಾಲಿನ, ಆಯುಧವಿಲ್ಲದ, ಎಲ್ಲಕ್ಕಿಂತ ಕೀಳಾಗಿ ರಚಿತನಾದ ಪ್ರಾಣಿಯೆನ್ನುವವರನ್ನು ಹೆಸರಿಸದೆಯೇ ಖಂಡಿಸುತ್ತಾನೆ. ಉಳಿದ ಪ್ರಾಣಿಗಳಿಗೆ ಒಂದೊಂದೇ ರಕ್ಷಣೆಯಾದರೆ, ಮನುಷ್ಯನ ಕೈ ಉಗುರೂ ಹೌದು, ಕೊಂಬೂ ಹೌದು, ಈಟಿಯೂ ಹೌದು. ಆದರೆ ಕೈಯುಳ್ಳ ಎಲ್ಲರನ್ನೂ ಆತ ಸಮಾನರೆಂದು ಎಣಿಸಲಿಲ್ಲ. ‘ಪಾಲಿಟಿಕ್ಸ್’ ಗ್ರಂಥದ 1ನೆಯ ಪುಸ್ತಕದಲ್ಲಿ ಮನುಷ್ಯನನ್ನು ಸ್ವಭಾವತಃ ರಾಜಕೀಯ ಜೀವಿಯೆಂದು ಕರೆದವನೇ, ಕೆಲವರು ಸ್ವಭಾವದಿಂದಲೇ ಗುಲಾಮರೆಂದೂ ವಾದಿಸಿದ. ಅಥೆನ್ಸಿನ ಜನಸಭೆಯಲ್ಲಿಯೂ ಹೆಂಗಸರಿಗೆ, ಗುಲಾಮರಿಗೆ, ಪರದೇಶೀಯ ನಿವಾಸಿಗಳಿಗೆ ಸ್ಥಾನವಿರಲಿಲ್ಲ. ಹರ್ಮಿಸ್‌ನ ಹಂಚಿಕೆ ಅಷ್ಟು ದೂರ ಮುಟ್ಟಿರಲಿಲ್ಲ.

ಅಲ್ಲಿಯವರೆಗೆ ಮುಟ್ಟಿಸಿದ ದನಿಗಳು ತುಣುಕುಗಳಾಗಿ ಮಾತ್ರ ಉಳಿದಿವೆ. ಗ್ರೀಕರೂ ಪರಕೀಯರೂ ಸ್ವಭಾವದಲ್ಲಿ ಒಂದೇ, ಎಲ್ಲರೂ ಮೂಗುಬಾಯಿಗಳಿಂದ ಉಸಿರಾಡುತ್ತಾರೆ, ಕೈಗಳಿಂದ ಕೆಲಸ ಮಾಡುತ್ತಾರೆ ಎಂದ ಆ್ಯಂಟಿಫಾನ್‌ನ ಬರಹ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಪಪೈರಸ್‌ಗಳಿಂದ ಬೆಳಕಿಗೆ ಬಂದಿತು. 1915ರಲ್ಲಿ ಪ್ರಕಟವಾದ ಭಾಗದ ಓದನ್ನು 1984ರಲ್ಲಿ ಪ್ರಕಟವಾದ ಮತ್ತೊಂದು ತುಣುಕು ತಿದ್ದಿತು. ನಿಸರ್ಗ ಯಾರನ್ನೂ ಗುಲಾಮನನ್ನಾಗಿ ಮಾಡಿಲ್ಲವೆಂದ ಆಲ್ಸಿಡಮಾಸ್‌ನ ಮಾತನ್ನು ಅರಿಸ್ಟಾಟಲ್ ತನ್ನ ‘ರೆಟರಿಕ್’ ಗ್ರಂಥದಲ್ಲಿ ಸೂಚಿಸುತ್ತಾನಾದರೂ, ಆ ವಾಕ್ಯ ಇಂದು ದೊರೆಯುವುದು ಆ ಗ್ರಂಥಕ್ಕೆ ಯಾರೋ ಹಳೆಯ ವ್ಯಾಖ್ಯಾನಕಾರ ಬರೆದಿಟ್ಟ ಟಿಪ್ಪಣಿಯಲ್ಲಿ.